ಭರಣಿಯ ಪಂಚನಾಮೆ

ನಮ್ಮ ಮಾವನವರಿಗೆ ಹೆಣ ಕಂಡರೆ ಹಸಿವೆಯಾಗುತ್ತದೆ ಎಂದು ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಹೆಣ ನೋಡಿ ಬಂದ ದಿನ ಅವರು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದರು, ಅಷ್ಟೆ. ಬೆಳಗಿನಿಂದ ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತು ಬಂದವರಿಗೆ ಹಸಿವೆಯಾಗದೆ ಇನ್ನೇನಾದೀತು?

ಹಾಗಂತ ಅವರು ಪೊಲೀಸರಲ್ಲ, ಡಾಕ್ಟರೂ ಅಲ್ಲ. ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆದರೆ ಎಲ್ಲಿಯಾದರೂ ಕೊಲೆಯಾದರೆ ಪೊಲೀಸರಿಗೆ ಇಬ್ಬರು ಪಂಚರು ಬೇಕಲ್ಲ? ಸ್ಥಳದಲ್ಲಿ ನಿಂತು ಏನೇನು ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿ ಪಂಚನಾಮೆಗೆ ಸಹಿ ಹಾಕುವವರು. ಊರ ಜನ ಸಹಿ ಹಾಕಿದರೂ ಮುಂದೆ ಕೋರ್ಟಿನಲ್ಲಿ "ನಾ ಏನೂ ನೋಡಿಲ್ರಿ, ಸಹಿ ಮಾಡು ಅಂದ್ರು, ಮಾಡೀನ್ರಿ" ಎಂದು ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ಸರ್ಕಾರಿ ನೌಕರರೆಂದರೆ ಪೊಲೀಸರಿಗೆ ಪ್ರೀತಿ. ಜೀಪು ಕಚೇರಿಯ ಗೇಟಿಗೆ ಬಂದ ಕೂಡಲೇ ಉಳಿದವರಿಗೆಲ್ಲ ಒಮ್ಮೆಗೇ ಹೊಟ್ಟೆ ಕಡಿಯುತ್ತಿತ್ತಂತೆ. ನಮ್ಮ ಮಾವನವರು ಮಾತ್ರ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದರು.

"ಇಷ್ಟ್ ಕೇಸಿನ್ಯಾಗ ಕಟಕಟಿ ಹತ್ತೀನಿ, ಒಂದ್ ಅಕ್ಷರ ಸುಳ್ಳ್ ಹೇಳಿಲ್ಲ" ಎನ್ನುವುದು ಅವರ ದೊಡ್ಡ ಹೆಮ್ಮೆ. ಊಟಕ್ಕೆ ಕೂತಾಗ ಉಪ್ಪು ಬಡಿಸುವ ಮೊದಲು ಈ ಮಾತು ಬರುತ್ತದೆ.

ಹೀಗೆ ನಿಂತು ನಿಂತು, ಡಾಕ್ಟರರೂ ಪ್ರಯೋಗಾಲಯದವರೂ ಮಾತಾಡುವುದನ್ನು ಕೇಳಿ ಕೇಳಿ, ಅವರು ಒಂದು ವಿದ್ಯೆ ಕಲಿತುಬಿಟ್ಟರು. ನಿಂತವನ ಮೈಯಿಂದ ಬಿದ್ದ ರಕ್ತದ ಹನಿ ದುಂಡಗಿರುತ್ತದೆ. ಓಡುತ್ತಿದ್ದವನ ಹನಿಗೆ ಬಾಲ ಬರುತ್ತದೆ, ಆ ಬಾಲ ಅವನು ಹೋದ ದಿಕ್ಕನ್ನು ತೋರಿಸುತ್ತದೆ. ಒಂದು ಕಲೆಯ ಮೇಲೆ ಇನ್ನೊಂದು ಬಿದ್ದಿದ್ದರೆ "ಕೆಳಗಿಂದು ಮೊದಲಿಂದು, ಮೇಲಿಂದು ಆಮ್ಯಾಲಿಂದು." ಇಷ್ಟು ಗೊತ್ತಿದ್ದರೆ ಜಗತ್ತಿನಲ್ಲಿ ಬಗೆಹರಿಯದ ಗುಟ್ಟೇ ಇಲ್ಲವಂತೆ.

ಸಗರದ ಹತ್ತಿರ ಒಮ್ಮೆ ತೊಗರಿ ಹೊಲದಲ್ಲಿ ಒಂದು ಹೆಣ ಸಿಕ್ಕಿತ್ತು. ಫೌಜದಾರರು ಕೊಲೆ ಇಲ್ಲೇ ಆಗಿದೆ ಎಂದು ಬರೆಸುತ್ತಿದ್ದರು. ಪಂಚನಾದವನು ನೋಡಿ, ಸಹಿ ಹಾಕಿ, ಸುಮ್ಮನಿರಬೇಕು. ಸುಮ್ಮನಿರುವುದು ನಮ್ಮ ಮಾವನವರ ಜಾತಕದಲ್ಲೇ ಬರೆದಿಲ್ಲ.

"ಸಾಹೇಬ್ರ, ಒಂದ್ ಮಾತು. ಬಂಡಿ ಗಾಲಿ ಗುರುತಿನ ಮ್ಯಾಲ ರಕ್ತದ ಹನಿ ಬಿದ್ದಾವ. ಗುರುತು ಮೊದಲಿಂದು, ರಕ್ತ ಆಮ್ಯಾಲಿಂದು. ಬಂಡೆಗಲ್ಲಿನ ಮ್ಯಾಲ ಬಿದ್ದ ಹನಿ ನೋಡ್ರಿ, ಎಲ್ಲಾ ಬಾಲ ಈ ಹೊಲದ ಕಡಿಗೆ ಅವ. ಇವನ್ನ ಬ್ಯಾರೆ ಕಡಿ ಹೊಡದು ಬಂಡಿಯಾಗ ಹೇರ್ಕೊಂಡು ಬಂದಾರ."

ಬಾಲಗಳಿಗೆ ಬೆನ್ನು ಹಾಕಿ ದಾರಿ ಹಿಡಿದು ಹೋದರೆ ಒಂದು ಬಾವಿ. ಬಾವಿಯ ಕಟ್ಟೆಯ ಮೇಲೆ ಇನ್ನೂ ಆರದ ರಕ್ತ. ಫೌಜದಾರರು ಬರೆಸಿದ್ದ ಹಾಳೆಯನ್ನು ಹರಿದು ಹೊಸದಾಗಿ ಬರೆಸಿದರಂತೆ. ಆಮೇಲೆ ಮಾವನವರಿಗೆ ಮಾತ್ರ ಚಹಾ ತರಿಸಿದರಂತೆ. ಆ ಚಹಾಕ್ಕೆ ಯಾಲಕ್ಕಿ ಹಾಕಿದ್ದರು ಎಂಬುದೂ ನಮಗೆ ಬಾಯಿಪಾಠವಾಗಿದೆ.

ಇಂಥವರು ಮಗನಿಗೆ ಹೆಣ್ಣು ನೋಡಲು ಸುರಪುರಕ್ಕೆ ನಮ್ಮ ಮನೆಗೆ ಬಂದರು. ನಾನು ಚಹಾ ತಂದೆ. ಉಳಿದವರು ನನ್ನ ಮುಖ ನೋಡುತ್ತಿದ್ದರೆ ಇವರು ಟ್ರೇಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದಾರೆ! ಎರಡು ಹನಿ ಚೆಲ್ಲಿದ್ದವು. "ಹನಿ ದುಂಡಗ ಬಿದ್ದಾವ. ಹುಡುಗಿ ಗಾಬರಿಯಾಗಿಲ್ಲ, ತಡದು ನಿಂತು ಒಳಗ ಬಂದಾಳ. ನನಗ ಒಪ್ಪಿಗಿ ಅದ" ಎಂದುಬಿಟ್ಟರು. ಅವರು ಹೋದ ಮೇಲೆ ನಮ್ಮಪ್ಪ "ಹುಡುಗ ಒಳ್ಳೆಯವನ ಇದ್ದಾನ. ಆದ್ರ ಬೀಗರ ತಲಿ ನೆಟ್ಟಗದನೋ ಇಲ್ಲೋ" ಎಂದು ಒಂದು ವಾರ ಯೋಚಿಸಿದರು.

ನಾನು ಶಹಾಪುರಕ್ಕೆ ಸೊಸೆಯಾಗಿ ಬರುವ ಹೊತ್ತಿಗೆ ಮಾವನವರು ನಿವೃತ್ತರಾಗಿದ್ದರು. ಜೀಪು ಬರುವುದು ನಿಂತಿತ್ತು. ವಿದ್ಯೆ ಎಲ್ಲಿಗೆ ಹೋಗಬೇಕು? ಮನೆಗೇ ಬಂತು. ಹಾಲು ಉಕ್ಕಿದರೆ ಪಂಚನಾಮೆ, ಕನ್ನಡಕದ ಕಡ್ಡಿ ಮುರಿದರೆ ಪಂಚನಾಮೆ. ಜೇಬಿನಲ್ಲಿ ಅಳತೆಯ ಟೇಪು, ಪೇಪರು ಓದುವ ಭೂತಗನ್ನಡಿ, ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು. ಸ್ಥಳದ ಸುತ್ತ ಗೆರೆ ಎಳೆದು ಎಳೆದು ಅತ್ತೆಯವರ ರಂಗೋಲಿ ಡಬ್ಬಿ ಬರಿದಾಗುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಕುರಿ ಸಾಕುವವರ ಅಂಗಳದಲ್ಲಿ ಕೋಳಿಯೊಂದು ಸತ್ತು ಬಿದ್ದದ್ದು ಇವರ ಕಣ್ಣಿಗೆ ಬಿತ್ತು. ಗೋಡೆ ದಾಟಿ ಹೋದರು. ರಂಗೋಲಿ ಗೆರೆ ಎಳೆದರು. ಕಾಲು ಸೆಟೆದಿಲ್ಲ, ಹಾಗಾಗಿ ಸತ್ತು ಅರ್ಧ ತಾಸೂ ಆಗಿಲ್ಲ ಎಂದರು. ಆರೋಪಿ ಬಲಗೈಯವನು ಎಂದರು. ಅಷ್ಟರಲ್ಲಿ ಆ ಮನೆಯ ಯಜಮಾನಿ ಬಿಸಿನೀರಿನ ಕೊಡ ಹಿಡಿದು ಹೊರಗೆ ಬಂದಳು.

"ಸಾಹೇಬ್ರ, ನಾನ ಕೊಯ್ದೀನ್ರಿ. ಮಧ್ಯಾಹ್ನಕ್ಕ ಅಳಿಯ ಬರತಾನ. ಜರಾ ಸರೀರಿ, ಪುಚ್ಚ ತೆಗೀಬೇಕು."

ಮಾವನವರು ಟೇಪು ಸುತ್ತಿಕೊಳ್ಳುತ್ತ ಗಂಭೀರವಾಗಿ ಹೇಳಿದರು: "ತಪ್ಪೊಪ್ಪಿಗಿ ತಗೊಳ್ಳೋ ಅಧಿಕಾರ ನನಗಿಲ್ಲವ್ವ."

ಇನ್ನು ನನ್ನ ಕೇಸಿಗೆ ಬರುತ್ತೇನೆ. ಅದರಲ್ಲಿ ಆರೋಪಿ ನಾನೇ.

ಅತ್ತೆಯವರ ಹತ್ತಿರ ಒಂದು ಉಪ್ಪಿನಕಾಯಿಯ ಭರಣಿ ಇತ್ತು. ಯಾದಗಿರಿಯ ತವರುಮನೆಯಿಂದ ಅವರ ತಾಯಿ ಕೊಟ್ಟು ಕಳಿಸಿದ್ದು. ಮಗನನ್ನು ನನ್ನ ಕೈಗೆ ಸುಲಭವಾಗಿ ಒಪ್ಪಿಸಿದ ಅತ್ತೆ ಆ ಭರಣಿಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಮದುವೆಯಾಗಿ ಬಂದು ಒಂದು ತಿಂಗಳಾಗಿತ್ತು. ಅಂದು ಮಧ್ಯಾಹ್ನ ಅತ್ತೆ ಮಠದ ಪುರಾಣಕ್ಕೆ ಹೋಗಿದ್ದರು. ನಾನು ಪರಾತದಲ್ಲಿ ಜೋಳದ ಹಿಟ್ಟು ಹಾಕಿ ನೆಲಕ್ಕಿಟ್ಟು, ಮೇಲಿನ ಹಲಗೆಯಿಂದ ಭರಣಿ ಇಳಿಸಲು ಹೋದೆ. ಕೈ ಜಾರಿತು. ಯಾಕೆ ಜಾರಿತು ಎಂದು ಯಾರಿಗೂ ಹೇಳಲಿಲ್ಲ. ಹಿತ್ತಲಿಗೆ ಓಡಿಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತ ಕೂತೆ.

ಅತ್ತೆ ಬಂದರು, ಭರಣಿಯನ್ನು ನೋಡಿದರು. ನನ್ನನ್ನು ಕೇಳಿದರು. "ನಾ ಹಿತ್ತಲದಾಗ ಅರಿಬಿ ಒಗಿಯಾಕತ್ತಿದ್ದೆರಿ" ಎಂದು ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ. ಭರಣಿ ಒಡೆದದ್ದೊಂದು ತಪ್ಪು, ಒಂದು ತಿಂಗಳ ಸೊಸೆ ಸುಳ್ಳುಗಾತಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ಮರೆತಾರು, ಎರಡನೆಯದನ್ನು ಯಾವ ಅತ್ತೆ ಮರೆಯುತ್ತಾಳೆ? ಆಗಲೇ ಮಾವನವರು ಟೇಪು ಹಿಡಿದು ಒಳಗೆ ಬಂದರು. ನಾನು ಬಾಗಿಲ ಪಕ್ಕಕ್ಕೆ ಸರಿದು ನಿಂತೆ.

ಅವರು ಮೊಣಕಾಲೂರಿ ಕೂತು ಚೂರುಗಳನ್ನು ನೋಡಿದರು. ಆಮೇಲೆ ಭೂತಗನ್ನಡಿ ಹಿಡಿದು ಹಿಟ್ಟಿನ ಪರಾತವನ್ನು ನೋಡಿದರು. ನೋಡಿಯೇ ನೋಡಿದರು. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ತೀರ್ಪು ಕೊಟ್ಟರು.

"ಬೆಕ್ಕು."

"ಬೆಕ್ಕಿಗ್ಯಾಕ ಬೇಕ್ರಿ ಉಪ್ಪಿನಕಾಯಿ?" ಎಂದರು ಅತ್ತೆ.

"ಇಲಿ ಬೆನ್ನ ಹತ್ಯಾದ."

"ಹಿಟ್ಟಿನಾಗ ಒಂದ್ ಹೆಜ್ಜಿ ಗುರುತಿಲ್ಲ?"

"ಜಿಗದದ್ದಕ್ಕ ಹೆಜ್ಜಿ ಎಲ್ಲಿಂದ ಬರ್ತಾವ? ಪಂಚ ನಾನೋ ನೀನೋ?"

ಆ ಹೊತ್ತಿಗೆ ಬೆಕ್ಕು ಪಕ್ಕದ ಮನೆಯ ಗೋಡೆಯ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಅಂದಿನಿಂದ ಅದಕ್ಕೂ ಅದರ ಸಂತಾನಕ್ಕೂ ನಮ್ಮ ಅಡುಗೆಮನೆಗೆ ಪ್ರವೇಶವಿಲ್ಲ. ನನಗೋ ಬದುಕಿದೆ ಎನ್ನಿಸಿತು, ಜೊತೆಗೆ ಒಳಗೊಳಗೇ ನಗು. ಸಗರದ ಕೊಲೆ ಬಿಡಿಸಿದ ಮಹಾಶಯರಿಗೆ ಎರಡು ಮಾರು ದೂರದಲ್ಲಿ ನಡುಗುತ್ತ ನಿಂತ ಆರೋಪಿ ಕಾಣಲಿಲ್ಲವಲ್ಲ! ಒಡೆದದ್ದು ನಾನೇ ಎಂದು ಗಂಡನಿಗೆ ಮಾತ್ರ ಹೇಳಿದ್ದೆ. ಮಾವನವರು ಹನಿ, ಬಾಲ ಎಂದು ಶುರುಮಾಡಿದಾಗಲೆಲ್ಲ ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡು ನಕ್ಕಿದ್ದೇವೆ. ಹೀಗೆ ಹತ್ತು ವರ್ಷ ನಕ್ಕೆವು.

ಮಾರನೆಯ ದಿನದ ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಮಾವನವರು ಬೆಳಿಗ್ಗೆಯೇ ಅಂಗಿ ಹಾಕಿಕೊಂಡು "ಸುರಪುರದಾಗ ಒಂದ್ ಹಳೇ ಕೇಸಿನ ಜಾಗ ನೋಡಬೇಕಾಗ್ಯಾದ. ದಾರಿ ಗೊತ್ತಿದ್ದವರು ಬೇಕು, ಸೊಸಿನ್ನ ಕರ್ಕೊಂಡು ಹೋಗ್ತೀನಿ" ಎಂದರು. ಹುಟ್ಟಿದಾಗಿನಿಂದ ಶಹಾಪುರದಲ್ಲಿರುವವರಿಗೆ ಸುರಪುರದ ದಾರಿ ಗೊತ್ತಿಲ್ಲವಂತೆ! "ಆಷಾಢಕ್ಕ ಹೆಂಗಿದ್ರೂ ಹೋಗ್ತಾಳಲ್ರಿ" ಎಂದು ಅತ್ತೆ ಗೊಣಗಿದರು. ಬಸ್ಸಿಳಿದ ಮೇಲೆ ಮಾವನವರು ನನ್ನನ್ನು ನಮ್ಮವ್ವನ ಮನೆಯಲ್ಲಿ ಬಿಟ್ಟು, ನಾಲ್ಕು ದಿನ ಬಿಟ್ಟು ಬಂದು ಕರೆದುಕೊಂಡು ಹೋದರು. ಕೇಸಿನ ಜಾಗ ಏನಾಯಿತೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದೂ ಒಂದು ಹುಚ್ಚು ಎಂದುಕೊಂಡೆ.

ಹೋದ ತಿಂಗಳು ಮಾವನವರ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣಿಗೆ ಪಟ್ಟಿ, ಓದುವಂತಿಲ್ಲ. ಎರಡೇ ದಿನಕ್ಕೆ ಬೇಸರ ಬಂದು "ನನ್ನ ನೋಟ್‌ಬುಕ್ ತಂದು ಓದವ್ವ" ಎಂದರು. ನಾನು ಮಂಚದ ಪಕ್ಕ ಕೂತು ಓದತೊಡಗಿದೆ. ಕನ್ನಡಕದ ಕಡ್ಡಿ ಬಂತು, ಕೋಳಿ ಬಂತು, ಇಬ್ಬರೂ ನಕ್ಕೆವು. ಹಾಳೆ ತಿರುವಿದೆ.

"ಸ್ಥಳ: ನಮ್ಮ ಮನೆಯ ಅಡುಗೆಕೋಣೆ. ಮೃತಪಟ್ಟಿದ್ದು: ಭರಣಿ, ಒಂದು. ಪರಾತದಲ್ಲಿಯ ಹಿಟ್ಟಿನ ಮೇಲೆ ನೀರಿನ ಹನಿ ಬಿದ್ದ ಏಳು ಗುಳಿಗಳು ಇರುತ್ತವೆ. ಗುಳಿಗಳು ದುಂಡಗೆ ಇದ್ದು, ಸದರಿ ವ್ಯಕ್ತಿಯು ಒಂದೇ ಕಡೆ ಬಹಳ ಹೊತ್ತು ನಿಂತಂತೆ ಕಂಡುಬರುತ್ತದೆ. ಗುಳಿಗಳ ಮೇಲೆ ಉಪ್ಪಿನಕಾಯಿಯ ಎಣ್ಣೆ ಸಿಡಿದಿರುತ್ತದೆ. ಆದಕಾರಣ ಮೊದಲು ಕಣ್ಣೀರು, ಆಮೇಲೆ ಭರಣಿ. ಭರಣಿ ಒಡೆದಿದ್ದಕ್ಕೆ ಮಗು ಅತ್ತಿರುವುದಿಲ್ಲ. ಅಳುತ್ತಿದ್ದುದರಿಂದ ಭರಣಿ ಒಡೆದಿರುತ್ತದೆ. ಕಾರಣ: ತವರಿನ ನೆನಪು. ಆರೋಪಿ: ಬೆಕ್ಕು."

ಕೆಳಗೆ ಮೊದಲನೆಯ ಪಂಚರು ಎಂದು ಬರೆದು ಅವರ ಸಹಿ. ಎರಡನೆಯ ಪಂಚರು ಎಂದು ಬರೆದ ಕಡೆ ಖಾಲಿ.

ಆ ಸಾಲುಗಳನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಕಟಕಟೆಯಲ್ಲಿ ಒಂದಕ್ಷರ ಸುಳ್ಳು ಹೇಳದ ಮನುಷ್ಯ ತನ್ನ ಅಡುಗೆಮನೆಯಲ್ಲಿ ನನಗಾಗಿ ಸುಳ್ಳು ಹೇಳಿದ್ದರು. ಹತ್ತು ವರ್ಷ ನಾನು ಅವರನ್ನು ನೋಡಿ ನಕ್ಕಿದ್ದೆ, ಅವರು ನಗಗೊಟ್ಟಿದ್ದರು. ಹೊರಗೆ ಅತ್ತೆಯವರು ಆ ಬೆಕ್ಕಿನ ಮರಿಮೊಮ್ಮಗಳನ್ನು ಕಟ್ಟಿಗೆ ಹಿಡಿದು ಅಟ್ಟುತ್ತಿದ್ದರು.

"ಯಾಕವ್ವ, ಓದೋದು ನಿಲ್ಲಿಸಿದಿ?" ಎಂದರು ಮಾವನವರು. ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿ ಕೇಳಿದರು: "ಹಾಳಿ ಮ್ಯಾಲ ಹನಿ ಬಿತ್ತೇನು?"

"ಹೂಂನ್ರಿ ಮಾವಾರ."

"ದುಂಡಗ?"

"ದುಂಡಗ."

"ಹಂಗಾರ ಅದರ ಬಾಜೂಕ ಸಹಿ ಮಾಡು. ಎರಡನೇ ಪಂಚರ ಜಾಗ ಖಾಲಿ ಅದ."

ನಾನು ಸಹಿ ಮಾಡಿದೆ.