ಸೋಫಾದ ನಾಲ್ಕನೇ ಕಾಲು

"ಇನ್ನು ಈ ಜನ್ಮದಲ್ಲಿ ನಾನು ಯಾರ ಕೈಕೆಳಗೂ ದುಡಿಯೋದಿಲ್ಲ!"

ಹೀಗೆಂದು ನಾನು ಘೋಷಿಸಿದ್ದು ನಮ್ಮ ಮನೆಯ ಹಾಲ್‌ನಲ್ಲಿ, ಮಡಚುವ ಕಬ್ಬಿಣದ ಕುರ್ಚಿಯ ಮೇಲೆ ನಿಂತು. ನಿಂತಿದ್ದು ಭಾಷಣಕ್ಕಲ್ಲ, ಬಲ್ಬು ಬದಲಾಯಿಸುವುದಕ್ಕೆ. ಕೆಳಗೆ ಕುರ್ಚಿ ಹಿಡಿದುಕೊಂಡಿದ್ದ ಹೆಂಡತಿ, "ಮೊದಲು ಬಲ್ಬು ಹಾಕಿ, ಆಮೇಲೆ ಕೆಲಸ ಬಿಡುವಿರಂತೆ" ಎಂದಳು. ಬೆಳಿಗ್ಗೆಯೇ ಬಿಟ್ಟು ಬಂದೆ ಎಂದೆ. ಅವಳು ಕುರ್ಚಿ ಬಿಟ್ಟಳು. ಎಷ್ಟೋ ವರ್ಷಗಳಾದವು, ಈಗಲೂ ಆ ಬಲ್ಬಿನ ಕಡೆ ನೋಡಿದರೆ ಸೊಂಟ ಚುಳ್ ಅನ್ನುತ್ತದೆ.

ಅಲ್ಲಿಯವರೆಗೆ ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಗುಮಾಸ್ತ. ಮೊಳೆ ತೂಗಬೇಕು, ಬಿಲ್ ಬರೆಯಬೇಕು, ಸಾಹುಕಾರರು ಕೆಮ್ಮಿದರೆ ನೀರು ಕೊಡಬೇಕು. ಅದನ್ನು ಬಿಟ್ಟು ಇನ್ಶೂರೆನ್ಸ್ ಏಜೆಂಟಾದೆ. ಅದೂ ಎಂಥಾ ಏಜೆಂಟ್! ಒಂದೇ ಕಂಪನಿಗೆ ಕಟ್ಟುಬಿದ್ದವನಲ್ಲ. ಮೂರು ಕಂಪನಿಗಳ ಪಾಲಿಸಿಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು, ಗಿರಾಕಿಗೆ ಒಪ್ಪುವುದನ್ನು ತೆಗೆದುಕೊಡುವ ಸ್ವತಂತ್ರ ಏಜೆಂಟ್. ಕಾರ್ಡಿನಲ್ಲಿ 'ಸ್ವತಂತ್ರ' ಅನ್ನುವುದನ್ನು ನನ್ನ ಹೆಸರಿಗಿಂತ ದಪ್ಪಗೆ ಅಚ್ಚು ಹಾಕಿಸಿದ್ದೆ.

ಅದೇ ವಾರ ಅತ್ತೆ ಬಂದರು. ಅದೇ ಕುರ್ಚಿಯಲ್ಲಿ ಕೂತರು. ಕುರ್ಚಿ ಅವರ ಸಮೇತ ಮಡಚಿಕೊಂಡಿತು. ಬಿಡಿಸುವುದಕ್ಕೆ ನಾವಿಬ್ಬರೂ ಬೇಕಾಯಿತು. ಹೊರಗೆ ಬಂದ ಅತ್ತೆ ಸೆರಗು ಸರಿಮಾಡಿಕೊಂಡು, ಹೊಸ ಕೆಲಸಕ್ಕೆ ಸಂಬಳ ಎಷ್ಟು ಎಂದು ಕೇಳಿದರು. ಸಂಬಳ ಅಂತಿಲ್ಲ ಅತ್ತೆ, ಕಮಿಷನ್ ಇರುತ್ತೆ ಎಂದು ಎದೆಯುಬ್ಬಿಸಿ ಹೇಳಿದೆ.

"ಹಾಗಂದ್ರೆ ಸಂಬಳ ಇಲ್ಲ" ಎಂದರು ಅತ್ತೆ.

ನನ್ನ ರಕ್ತ ಕುದಿಯಿತು. ಮುಂದಿನ ಸಲ ನೀವು ಈ ಮನೆಗೆ ಬಂದಾಗ ಸೋಫಾದ ಮೇಲೆ ಕೂರುತ್ತೀರಿ, ಅದೂ ನನ್ನ ಕಮಿಷನ್ ದುಡ್ಡಿನ ಸೋಫಾ ಎಂದು ಶಪಥ ಮಾಡಿದೆ. ಅತ್ತೆ ಹೋದ ಮೇಲೆ ಹೆಂಡತಿ ತೀರ್ಪು ಕೊಟ್ಟಳು. ಒಂದು ವರ್ಷ ಗಡುವು. ಅಷ್ಟರಲ್ಲಿ ಈ ಕೆಲಸದಿಂದ ಮನೆ ನಡೆಯದಿದ್ದರೆ ಸುಮ್ಮನೆ ಹೋಗಿ ಸಾಹುಕಾರರ ಮುಂದೆ ಕೈಕಟ್ಟಿ ನಿಲ್ಲಬೇಕು.

ಬಟ್ಟೆ ಮಡಚುತ್ತಾ ಕೂತಿದ್ದ ಅವಳಿಗೆ ಕಮಿಷನ್ನಿನ ಮರ್ಮವನ್ನು ವಿವರಿಸಿದೆ. ಗಿರಾಕಿ ಮೊದಲ ಕಂತು ಕಟ್ಟಿದ ಕೂಡಲೇ ಇಡೀ ವರ್ಷದ ಕಮಿಷನ್ನನ್ನು ಕಂಪನಿ ಮುಂಗಡವಾಗಿ ಕೊಟ್ಟುಬಿಡುತ್ತದೆ. ಅದು ದೊಡ್ಡ ಗಂಟು. ಆಮೇಲೆ ಅವನು ಕಟ್ಟುತ್ತಾ ಹೋದಷ್ಟು ವರ್ಷ, ವರ್ಷವರ್ಷವೂ ನಮಗೊಂದು ಚಿಟಿಕೆ. "ಚೆನ್ನಾಗಿದೆಯಲ್ಲ" ಎಂದಳು. ಮೂರನೆಯ ಮಾತೊಂದಿತ್ತು. ವರ್ಷ ತುಂಬುವ ಮೊದಲೇ ಗಿರಾಕಿ ಕಂತು ನಿಲ್ಲಿಸಿದರೆ, ಕೊಟ್ಟ ಗಂಟನ್ನು ಕಂಪನಿ ವಾಪಸ್ ಕಿತ್ತುಕೊಳ್ಳುತ್ತದೆ. ಅದನ್ನು ನಾನು ಉಗುಳಿನ ಜೊತೆ ನುಂಗಿಕೊಂಡೆ.

ಮೊದಲ ಗಿರಾಕಿ ನಮ್ಮ ಬೀದಿಯ ಟೈಲರ್. ಎರಡನೆಯವನು ತಿರುವಿನ ಬೇಕರಿಯವನು. ಮೂರನೆಯವರು ಶಾಲೆಯ ಡ್ರಿಲ್ ಮೇಷ್ಟ್ರು. ನಾಲ್ಕನೆಯವನು ಸಿಗಲಿಲ್ಲ. ಸೋಫಾಗೆ ಸ್ವಲ್ಪ ಕಡಿಮೆ ಬೀಳುತ್ತಿತ್ತು, ನನಗೇ ಒಂದು ಪಾಲಿಸಿ ಮಾಡಿಕೊಂಡೆ. ನನ್ನಷ್ಟು ಬೇಗ ನನ್ನ ಮಾತಿಗೆ ಒಪ್ಪಿದ ಗಿರಾಕಿ ಇವತ್ತಿನವರೆಗೂ ಸಿಕ್ಕಿಲ್ಲ.

ಸೋಫಾ ಬಂತು. ಮರೂನ್ ಬಣ್ಣ, ತೇಗದ ಕಾಲು. ಅತ್ತೆಯನ್ನು ಕರೆಸಿ ಕೂರಿಸಿ, ಇದು ಟೈಲರ್ ಕಾಲು, ಇದು ಬೇಕರಿ ಕಾಲು, ಇದು ಮೇಷ್ಟ್ರ ಕಾಲು, ಇದು ಖುದ್ದು ನನ್ನ ಕಾಲು ಎಂದು ಒಂದೊಂದಾಗಿ ಪರಿಚಯ ಮಾಡಿಸಿದೆ. ಅತ್ತೆ ಒಂದು ಸಲ ಕುಲುಕಿ ನೋಡಿ, ಪರವಾಗಿಲ್ಲ ಎಂದರು. ಅವರ ಬಾಯಲ್ಲಿ ಅದು ಬಿರುದು ಕೊಟ್ಟ ಹಾಗೆ.

ಮುಂದಿನ ಕಂತಿನ ಸಮಯಕ್ಕೆ ಟೈಲರ್ ಕಾಲು ಅಲ್ಲಾಡಿತು. ಎಲ್ಲರೂ ರೆಡಿಮೇಡ್ ಹಾಕುತ್ತಾರೆ, ವ್ಯಾಪಾರವೇ ಇಲ್ಲ, ಪಾಲಿಸಿ ನಿಲ್ಲಿಸುತ್ತೇನೆ ಎಂದ. "ಯಾರು ಹೇಳಿದ್ದು? ನನಗೇ ಐದು ಪ್ಯಾಂಟ್ ಬೇಕು" ಎಂದುಬಿಟ್ಟೆ. ಅವನು ಕಂತು ಕಟ್ಟಿದ. ನನ್ನ ಬೀರು ತುಂಬಿತು. ನನಗಿರುವುದು ಎರಡೇ ಕಾಲು ಎಂದು ಹೆಂಡತಿ ನೆನಪಿಸಿದಳು.

ಅದು ನಿಂತಿತು ಅನ್ನುವಷ್ಟರಲ್ಲಿ ಬೇಕರಿ ಕಾಲು. ಅಣ್ಣ ತಮ್ಮ ಮಾತು ಬಿಟ್ಟಿದ್ದರು, ಅಂಗಡಿ ಮುಚ್ಚುವ ಮಾತು ನಡೆದಿತ್ತು. ನಾನು ಮಧ್ಯಸ್ಥಿಕೆಗೆ ಇಳಿದೆ. ಅಣ್ಣನ ಹತ್ತಿರ ಕೂತು ಬನ್ ತಿಂದು ತಮ್ಮನನ್ನು ಹೊಗಳುವುದು, ತಮ್ಮನ ಹತ್ತಿರ ಕೂತು ಬನ್ ತಿಂದು ಅಣ್ಣನನ್ನು ಹೊಗಳುವುದು. ಅವರು ಒಂದಾಗುವಷ್ಟರಲ್ಲಿ ಆ ಐದು ಹೊಸ ಪ್ಯಾಂಟುಗಳಲ್ಲಿ ಒಂದರ ಗುಂಡಿಯೂ ನನಗೆ ಹಾಕಲು ಬರುತ್ತಿರಲಿಲ್ಲ.

ಇನ್ನು ಡ್ರಿಲ್ ಮೇಷ್ಟ್ರು. ಅವರಿಗೆ ದುಡ್ಡಿನ ತೊಂದರೆಯಲ್ಲ, ಆರೋಗ್ಯದ ತೊಂದರೆ. ಅಂದರೆ ಆರೋಗ್ಯ ಜಾಸ್ತಿಯಾಗಿತ್ತು. "ಕಬ್ಬಿಣದಂಥ ದೇಹ ಸಾರ್, ನನಗ್ಯಾಕೆ ಪಾಲಿಸಿ?" ಎಂದು ಎದೆ ಬಡಿದುಕೊಂಡರು. ದೇಹವನ್ನು ನಂಬಬೇಡಿ ಎಂದು ಮನವರಿಕೆ ಮಾಡಲು ಬೆಳಗಾಗುವ ಮೊದಲೇ ಮೈದಾನಕ್ಕೆ ಹೋಗಿ ಅವರ ಜೊತೆ ಓಡಿದೆ. ಓಡುತ್ತಾ ಮಾತಾಡಿದೆ. ಎರಡನೇ ಸುತ್ತಿನಲ್ಲಿ ಮಾತೂ ನಿಂತಿತು, ನಾನೂ ಬಿದ್ದೆ. ಮೇಷ್ಟ್ರು ನನ್ನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದು ಸೋಫಾದ ಮೇಲೆ ಮಲಗಿಸಿದರು. ನನ್ನ ಮುಖ ನೋಡಿ ಅವರಿಗೇ ಜೀವ ಹಾರಿತ್ತು. ಇವರಿಗೇ ಈ ವಯಸ್ಸಿನಲ್ಲಿ ಹೀಗಾಗುವುದಾದರೆ ನನಗೂ ಆಗಬಹುದಲ್ಲ ಎಂದು ಅಲ್ಲಿಂದ ನೇರವಾಗಿ ಹೋಗಿ ಕಂತು ಕಟ್ಟಿದರು.

ಮೂರೂ ಕಾಲು ಭದ್ರ! ಆ ತಿಂಗಳು ಮಾಡಿದ್ದ ಒಂದೆರಡು ಸಣ್ಣ ಪಾಲಿಸಿಗಳ ಕಮಿಷನ್ ತರಲು ಕಂಪನಿಯ ಆಫೀಸಿಗೆ ದಿಗ್ವಿಜಯ ಮುಗಿಸಿದವನ ಗತ್ತಿನಲ್ಲಿ ಹೋದೆ. ಕೌಂಟರಿನ ಹೆಂಗಸು, "ಈ ತಿಂಗಳು ನಿಮಗೆ ಬರೋದು ಏನೂ ಇಲ್ಲ. ಒಂದು ಪಾಲಿಸಿ ನಿಂತುಹೋಗಿದೆ, ಕಮಿಷನ್ ವಾಪಸ್ ಹಿಡ್ಕೊಂಡಿದ್ದಾರೆ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ಯಾರು ಆ ಬೇಜವಾಬ್ದಾರಿ ಮನುಷ್ಯ, ಹೆಂಡತಿ ಮೇಲೆ ಕಿಂಚಿತ್ತಾದರೂ ಕಾಳಜಿ ಬೇಡವೇ, ವಿಳಾಸ ಕೊಡಿ, ಈಗಲೇ ಅವನ ಮನೆಗೆ ಹೋಗಿ ಬುದ್ಧಿ ಹೇಳುತ್ತೇನೆ ಎಂದು ಕೂಗಾಡಿದೆ. ಸಾಲಿನಲ್ಲಿದ್ದವರೆಲ್ಲ ತಲೆದೂಗಿದರು. ಆಕೆ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ವಿಳಾಸ ಓದತೊಡಗಿದರು. ಬೀದಿಯ ಹೆಸರು ಕೇಳಿದಾಗ, ಅರೆ, ನಮ್ಮ ಬೀದಿಯವನೇ ಅನ್ನಿಸಿತು. ಬಾಗಿಲ ನಂಬರಿಗೆ ಬರುವಷ್ಟರಲ್ಲಿ ಆ ಮನೆಯ ಬಾಡಿಗೆ ಎಷ್ಟೆಂದೂ ಗೊತ್ತಾಗಿಹೋಯಿತು.

"ಹೋಗಿ ಬುದ್ಧಿ ಹೇಳಿ. ಮನೆ ಹತ್ತಿರವೇ ಇದೆ" ಎಂದರು ಆಕೆ.

ಊರವರ ಕಂತಿಗೆಲ್ಲ ಓಡಾಡಿ ನನ್ನದನ್ನೇ ಮರೆತಿದ್ದೆ. ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ನುಂಗಿಕೊಂಡಿದ್ದ ಮೂರನೆಯ ಮಾತೂ ಹೊರಬಂತು. ಗಡುವಿನ ವರ್ಷ ಇನ್ನೂ ಮುಗಿದಿರಲಿಲ್ಲ. ಸಾಹುಕಾರರ ಕೆಮ್ಮು ಕಿವಿಯಲ್ಲಿ ಕೇಳಿಸತೊಡಗಿತು. ಹೆಂಡತಿ ದುಡ್ಡಿನ ಮಾತೇ ಎತ್ತಲಿಲ್ಲ.

"ಟೈಲರ್ ಹೆಂಡತಿಗೆ, ಬೇಕರಿಯವನ ಹೆಂಡತಿಗೆ, ಮೇಷ್ಟ್ರ ಹೆಂಡತಿಗೆ, ಎಲ್ಲರಿಗೂ ನಾಳೆಗೆ ಒಂದು ದಾರಿ ಮಾಡಿದ್ರಿ. ಮೈದಾನದಿಂದ ನಿಮ್ಮನ್ನ ಹೊತ್ಕೊಂಡು ಬಂದ್ರಲ್ಲ, ಅವತ್ತೇ ಏನಾದ್ರೂ ಆಗಿದ್ರೆ ನನಗೇನಿತ್ತು, ರೀ? ಐದು ಪ್ಯಾಂಟ್?"

ಅವಳ ಕಣ್ಣು ತುಂಬಿತ್ತು. ಅಷ್ಟೆಲ್ಲ ಮನೆಗಳಲ್ಲಿ ಕೂತು ನಾನು ಹೇಳುತ್ತಿದ್ದುದೂ ಇದೇ ಮಾತು. ಅರ್ಥವಾದದ್ದು ಮಾತ್ರ ಅವತ್ತೇ.

ಆಮೇಲೆ ಅವಳು ಎದ್ದು ಸ್ಕ್ರೂಡ್ರೈವರ್ ತಂದಳು. ಸೋಫಾ ಎತ್ತಿ ಹಿಡಿಯಿರಿ ಎಂದಳು. ಹಿಡಿದೆ. ನನ್ನ ಕಾಲನ್ನು, ಅಂದರೆ ಸೋಫಾದ ನಾಲ್ಕನೇ ಕಾಲನ್ನು, ತಿರುಗಿಸಿ ಬಿಚ್ಚಿ, ಆ ಜಾಗಕ್ಕೆ ಹಿತ್ತಲಿನಿಂದ ಒಂದು ಇಟ್ಟಿಗೆ ತಂದಿಟ್ಟಳು. ಅಂಗಡಿಗೆ ವಾಪಸ್ ಹೋಗಿ ಎಂದು ಮಾತ್ರ ಅನ್ನಲಿಲ್ಲ. ಮೂರು ಪ್ಯಾಂಟನ್ನು ಟೈಲರ್‌ಗೇ ಅರ್ಧ ಬೆಲೆಗೆ ಒಪ್ಪಿಸಿದೆ, ಕಡಿಮೆ ಬಿದ್ದ ದುಡ್ಡನ್ನು ಅವಳು ಹಾಕಿದಳು. ದಂಡ ಸಮೇತ ಬಾಕಿ ಕಟ್ಟಿ ಪಾಲಿಸಿಗೆ ಜೀವ ಬರಿಸಿದೆವು. ಕಮಿಷನ್ನೂ ವಾಪಸ್ ಬಂತು. ಗಿರಾಕಿಯಿಂದ ಕಂತು ಕಟ್ಟಿಸಿದವಳು ತಾನಾದ್ದರಿಂದ ಅದು ತನ್ನದು ಎಂದು ಇಸಿದುಕೊಂಡಳು.

ಈಗ ಟೈಲರ್ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಬೇಕರಿಯ ಅಣ್ಣ ತಮ್ಮ ಇಬ್ಬರೂ ತಾತಂದಿರಾಗಿದ್ದಾರೆ. ಮೇಷ್ಟ್ರು ಓಡುವುದಿಲ್ಲ, ಕೋಲು ಹಿಡಿದು ನಡೆಯುತ್ತಾರೆ, ನನ್ನನ್ನು ಕಂಡರೆ ತಮ್ಮ ಹೆಗಲು ತಟ್ಟಿ ತೋರಿಸುತ್ತಾರೆ. ಆಮೇಲೆ ಎಷ್ಟೋ ದೊಡ್ಡ ಕಮಿಷನ್ ಬಂದವು, ಹೋದವು. ಆ ಒಂದು ವರ್ಷದ ಓಡಾಟ, ಆ ಬನ್ನು, ಆ ನಗು ಮತ್ತೆ ಬರಲಿಲ್ಲ.

ಸೋಫಾ ಮಾತ್ರ ಇನ್ನೂ ಇಟ್ಟಿಗೆಯ ಮೇಲೇ ನಿಂತಿದೆ. ಕಾಲು ಅವಳ ಬೀರುವಿನಲ್ಲಿದೆ. ನನ್ನ ಕಂತಿನ ತಿಂಗಳು ಬಂತೆಂದರೆ ಒಂದು ಬೆಳಿಗ್ಗೆ ಅದು ನನ್ನ ಟೀ ಲೋಟದ ಪಕ್ಕದಲ್ಲಿ ಬಂದು ಕೂತಿರುತ್ತದೆ. ಈ ಸಲವೂ ಬಂತು. ಇಷ್ಟು ವರ್ಷ ಮರೆತಿಲ್ಲವಲ್ಲ, ಇನ್ನಾದರೂ ಕಾಲು ಜೋಡಿಸೋಣವೇ ಎಂದು ಕೇಳಿದೆ.

"ನಿಮ್ಮ ಪಾಲಿಸಿ ಮುಗೀಲಿ, ಆಮೇಲೆ ನೋಡೋಣ."

"ಅದು ಮುಗಿಯೋದು ನಾನು ಮುಗಿದ ಮೇಲೆ ಕಣೇ."

"ಗೊತ್ತು. ಅದಕ್ಕೇ ಅವತ್ತು ಹುಡುಕಿ ಹುಡುಕಿ ಗಟ್ಟಿ ಇಟ್ಟಿಗೆ ತಂದಿದ್ದು."

ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿ ಕಂತು ಕಟ್ಟಲು ಹೊರಟೆ. ಗೇಟು ದಾಟುವಷ್ಟರಲ್ಲಿ ಒಳಗಿನಿಂದ ಕೂಗಿದಳು.

"ರೀ, ನನ್ನ ಕಮಿಷನ್ ಮರೀಬೇಡಿ."