ಎದ್ದು ನಿಂತು ಹಾಲು ಕುಡಿಯಲಿ

ಒಂದೇ ಕುದುರೆಯನ್ನು ಇನ್ನೂರು ಜನರಿಗೆ ಮಾರಿ, ಕೊನೆಗೂ ಆ ಕುದುರೆಯನ್ನು ತಮ್ಮ ಲಾಯದಲ್ಲೇ ಉಳಿಸಿಕೊಂಡವರು ನನಗೆ ಗೊತ್ತಿರುವಂತೆ ಈ ಮೈಸೂರಿನಲ್ಲಿ ಒಬ್ಬರೇ ಇದ್ದಾರೆ. ಅವರ ಮೇಲೆ ಇದುವರೆಗೂ ಒಂದೇ ಒಂದು ಪೊಲೀಸ್ ಕಂಪ್ಲೇಂಟ್ ಇಲ್ಲ. ಬದಲಿಗೆ, ಕೊಂಡವರೇ ಮರುವರ್ಷ ಮತ್ತೆ ಬಂದು, ಕೈಮುಗಿದು, ಅದೇ ಕುದುರೆಯನ್ನು ಮತ್ತೊಮ್ಮೆ ಕೊಂಡು ಬರಿಗೈಯಲ್ಲಿ ಊರಿಗೆ ಹೋಗುತ್ತಾರೆ! ಆ ಮಹಾತಾಯಿ ಬೇರೆ ಯಾರೂ ಅಲ್ಲ, ನನ್ನ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ.

ಗಾಬರಿಯಾಗಬೇಡಿ. ಹುಣಸೂರು ರಸ್ತೆಯಲ್ಲಿ ಹಿನಕಲ್ ದಾಟಿ ಸಾಕಷ್ಟು ದೂರ ಹೋದರೆ ರೇಸ್ ಕುದುರೆಗಳ ಒಂದು ಸ್ಟಡ್ ಫಾರಂ ಇದೆ. ತನ್ನ ಕಾಲದಲ್ಲಿ ದೊಡ್ಡ ದೊಡ್ಡ ಕಪ್ ಗೆದ್ದು ನಿವೃತ್ತನಾದ ಗಂಡು ಕುದುರೆಯೊಂದು ಅಲ್ಲಿದೆ. ಹೆಣ್ಣು ಕುದುರೆ ಸಾಕಿದವರು, ತಮ್ಮದಕ್ಕೆ ಅವನಿಂದ ಮರಿಯಾಗಲಿ ಎಂದು ಮುಂಚಿತವಾಗಿ ಬುಕ್ ಮಾಡಿಸಿ, ತಮ್ಮ ಕುದುರೆಯನ್ನು ಲಾರಿಯಲ್ಲಿ ಕರೆತರಬೇಕು. ಆ ಬುಕಿಂಗ್ ಮಾರುವ ಕೆಲಸ ಅತ್ತೆಯದು. ಮೂವತ್ತು ವರ್ಷವಾಯಿತು. ಗಂಡು ಕುದುರೆಗಳು ಮೂರು ಬದಲಾಗಿವೆ, ಅತ್ತೆ ಬದಲಾಗಿಲ್ಲ.

ಇಷ್ಟೇ ವಿಷಯ. ಆದರೆ ಇಷ್ಟನ್ನು ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ! ಮುತ್ತಜ್ಜ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು. ತಾತ ಹೈಸ್ಕೂಲಿನ ಹೆಡ್‌ಮಾಸ್ಟರು. ಅಂಥ ಮನೆಯ ಹೆಣ್ಣುಮಗಳು ಶಾರ್ಟ್‌ಹ್ಯಾಂಡ್ ಕಲಿತು ಟೈಪಿಸ್ಟ್ ಎಂದು ಸೇರಿದ್ದು ಈ ಫಾರಮ್ಮಿಗೆ. ಬುಕಿಂಗ್ ನೋಡಿಕೊಳ್ಳುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟ. ಫೋನ್ ಬಡಿದುಕೊಳ್ಳುತ್ತಿತ್ತು. ಅತ್ತೆ ಎತ್ತಿದರು, ಇವತ್ತಿನವರೆಗೆ ಕೆಳಗಿಟ್ಟಿಲ್ಲ. ಮಗಳು ಏನು ಮಾಡುತ್ತಾಳೆ ಎಂದು ನೆಂಟರು ಕೇಳಿದರೆ ತಾತ "ಪಶುಸಂಗೋಪನೆ" ಎನ್ನುತ್ತಿದ್ದರು. ಅಜ್ಜಿ "ಆಫೀಸು" ಎನ್ನುತ್ತಿದ್ದರು. ಅಪ್ಪ ಒಳಗೆ ತಿರುಗಿ, "ಇನ್ನೊಂದು ರೌಂಡ್ ಕಾಫಿ ತನ್ನಿ" ಎಂದು ಕೂಗುತ್ತಿದ್ದರು. ಅತ್ತೆಯ ದೆಸೆಯಿಂದ ನಮ್ಮ ನೆಂಟರು ಕುಡಿದಿರುವ ಹೆಚ್ಚುವರಿ ಕಾಫಿಗೆ ಲೆಕ್ಕವಿಲ್ಲ.

ಅತ್ತೆಗೆ ಮಾತ್ರ ಮುಜುಗರ ಎಂಬುದು ಹತ್ತಿರವೂ ಸುಳಿದಿಲ್ಲ. ಅವರ ಮನೆ ಇರುವುದು ಯಾದವಗಿರಿಯಲ್ಲಿ. ಎದುರುಮನೆಯ ಒಗ್ಗರಣೆ ಸಿಡಿದರೆ ಇಲ್ಲಿ ಕೇಳಿಸುವಷ್ಟು ಸದ್ದಿಲ್ಲದ ರಸ್ತೆ. ಅತ್ತೆಯ ದನಿಯೋ, ಫೋನಿಲ್ಲದೆಯೂ ಪುಣೆಗೆ ತಲುಪೀತು! "ಅವನ ಹುಮ್ಮಸ್ಸಿನ ಬಗ್ಗೆ ನೀವು ಯೋಚನೇನೇ ಮಾಡ್ಬೇಡಿ ಸಾರ್. ಬೆಳಿಗ್ಗೆ ಒಂದು, ಸಂಜೆ ಒಂದು. ಅದಕ್ಕಿಂತ ಜಾಸ್ತಿ ನಾನೇ ಬಿಡಲ್ಲ, ವಯಸ್ಸಾಯ್ತಲ್ಲ?" ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ರಿಟೈರ್ಡ್ ಇಂಜಿನಿಯರರು ತಮ್ಮ ವರಾಂಡದಲ್ಲಿ ಕೂತು ಇದನ್ನು ಒಂದು ವಾರ ಕೇಳಿದ್ದಾರೆ. ಅತ್ತೆಯ ಯಜಮಾನರು, ನಮ್ಮ ಮೇಷ್ಟ್ರು ಮಾವ, ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ಗಟ್ಟಿಯಾಗಿ ಸೀನಲೂ ಹಿಂಜರಿಯುವ ಮನುಷ್ಯ. ಅವರು ಒಂದು ಬೆಳಿಗ್ಗೆ ವಾಕಿಂಗ್ ಹೊರಟಾಗ ಇಂಜಿನಿಯರರು ಗೇಟಿನವರೆಗೆ ಬಂದು, ಎರಡೂ ಕೈ ಜೋಡಿಸಿ, "ಸಾರ್, ತಾವು ದಿನಾ ಆಹಾರ ಏನು ತಗೋತೀರಿ?" ಎಂದು ಕೇಳಿದರಂತೆ! ಮಾವನಿಗೆ ವಿಷಯ ಹೊಳೆಯಲು ಒಂದು ಸುತ್ತು ವಾಕಿಂಗ್ ಬೇಕಾಯಿತು. ಅಂದಿನಿಂದ ಅತ್ತೆ ಫೋನ್ ಎತ್ತಿದೊಡನೆ ಮಾವ ಎದ್ದು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಬರುತ್ತಾರೆ. ಇಂಜಿನಿಯರರ ಮನೆ ಕಡೆಯದೊಂದನ್ನು ಮಾತ್ರ ಯಾಕೋ ಮರೆತುಬಿಡುತ್ತಾರೆ.

ಮಾರುವವರು ಸರಕನ್ನು ಹೊಗಳಬೇಕು ತಾನೇ? ಅತ್ತೆ ಮೊದಲು ಹೇಳುವುದೇ ಕುದುರೆಯ ಐಬನ್ನು. ಒಮ್ಮೆ ಬೆಂಗಳೂರಿನಿಂದ ದೊಡ್ಡ ಕಾರಿನಲ್ಲಿ ದೊಡ್ಡ ಮನುಷ್ಯರೊಬ್ಬರು ಬಂದರು. ಅವರ ಹೆಣ್ಣು ಕುದುರೆಯನ್ನು ಸುತ್ತಲೂ ನೋಡಿ ಅತ್ತೆ ತಲೆ ಅಲ್ಲಾಡಿಸಿದರು. "ಆಗಲ್ಲ ಸಾರ್. ನಮ್ಮವನ ಮುಂಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ, ನಿಮ್ಮವಳದೂ ಹಾಗೇ ಇದೆ. ಎರಡೂ ಸೇರಿದ್ರೆ ಮರಿ ಓಡಲ್ಲ, ಭರತನಾಟ್ಯ ಮಾಡುತ್ತೆ." ಬಂದ ಗಿರಾಕಿಯನ್ನು ತಾವೇ ಬೇರೊಂದು ಫಾರಮ್ಮಿಗೆ ಕಳಿಸಿದರು! ವಿಷಯ ತಿಳಿದ ಮಾಲೀಕರು ಕೆಂಡವಾದರು. "ಏನಮ್ಮಾ, ನಮ್ಮ ಸಂಬಳ ತಗೊಂಡು ಪಕ್ಕದವರ ಅಂಗಡೀಲಿ ವ್ಯಾಪಾರ ಮಾಡ್ತೀರಾ?" ಅತ್ತೆ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಸೊಟ್ಟಕಾಲಿನ ಮರಿ ಒಂದು ಹುಟ್ಟಲಿ, ಐದು ವರ್ಷ ಎಲ್ಲಾ ರೇಸ್‌ಕೋರ್ಸಲ್ಲೂ ನಿಮ್ಮ ಫಾರಮ್ಮಿನ ಹೆಸರು ಹೊತ್ಕೊಂಡು ಕೊನೇಲಿ ಬರುತ್ತೆ. ಪರವಾಗಿಲ್ವಾ?" ಎಂದರು. ಮಾಲೀಕರಿಗೆ ಪರವಾ ಇತ್ತು. ಮರುವರ್ಷ ಅದೇ ದೊಡ್ಡ ಮನುಷ್ಯರು ನೇರ ಕಾಲಿನ ಎರಡು ಹೆಣ್ಣು ಕುದುರೆಗಳನ್ನು ಕರೆದುಕೊಂಡು ಬಂದು, "ಮೊದಲು ಮೇಡಂ ನೋಡ್ಲಿ" ಎಂದು ಬಿಸಿಲಲ್ಲಿ ಕಾದು ನಿಂತರು. ಇದನ್ನು ಬರೆಯುವಾಗಲೂ ನನ್ನ ಎದೆ ಒಂದಿಂಚು ಉಬ್ಬುತ್ತದೆ. ನಮ್ಮತ್ತೆ!

ಇನ್ನೊಂದು ವಿಚಿತ್ರ ಕೇಳಿ. ಗಂಡು ಕುದುರೆಯಿಂದ ಅನ್ನ ತಿನ್ನುವ ಅತ್ತೆ ಗಂಡು ಕುದುರೆಗೆ ಕವಡೆಯ ಕಿಮ್ಮತ್ತೂ ಕೊಡುವುದಿಲ್ಲ. ಯಾವುದೇ ಕುದುರೆಯ ಸುದ್ದಿ ಬರಲಿ, ಅವರ ಮೊದಲ ಪ್ರಶ್ನೆ, "ತಾಯಿ ಯಾರು?" ಬೆಟ್ಟದ ಕೆಳಗಿನ ರೇಸ್‌ಕೋರ್ಸಿನಲ್ಲಿ ಫಾರಮ್ಮಿನ ಗಂಡು ಕುದುರೆಯ ಮರಿ ಗೆದ್ದರೆ, ಮರುದಿನದ ಪೇಪರಿನ ಆ ತುಂಡನ್ನು ಕತ್ತರಿಸಿ, ಅದರಲ್ಲಿ ತಾಯಿಯ ಹೆಸರಿಗೆ ಮಾತ್ರ ಕೆಂಪು ಇಂಕಿನ ಗೆರೆ ಎಳೆದು ಫೈಲಿಗೆ ಸೇರಿಸುತ್ತಾರೆ. ಮದುವೆಮನೆಗಳಲ್ಲೂ ಇದೇ ಕಥೆ. ಯಾರಾದರೂ ಬಂದು ನಮಸ್ಕಾರ ಮಾಡಿ ಇಂಥವರ ಮಗ ಎಂದರೆ, "ಅದಿರಲಿ, ತಾಯಿ ಯಾರಪ್ಪ?" ಎಂದು ಅವನ ಕಾಲುಗಳನ್ನು ನೋಡುತ್ತಾರೆ.

ಆದರೆ ನಮ್ಮನ್ನೆಲ್ಲ ನಿಜವಾಗಿ ಗೋಳು ಹುಯ್ದುಕೊಂಡದ್ದು ಅವರ ಬುಕಿಂಗ್ ಕಾಗದದಲ್ಲಿರುವ ಒಂದು ಸಾಲು. ಮರಿ ಹುಟ್ಟಿದರೆ ಸಾಲದು. ಅದು ತಾನಾಗಿ ಎದ್ದು ನಿಂತು, ತಾಯಿಯ ಹಾಲು ಕುಡಿಯಬೇಕು. ಆಗ ಮಾತ್ರ ಮರಿ ಹುಟ್ಟಿತು ಎಂದು ಲೆಕ್ಕ. ಇಲ್ಲದಿದ್ದರೆ ವ್ಯವಹಾರ ಮುಗಿಯಲಿಲ್ಲವೆಂದೇ ಅರ್ಥ. ಅವರ ವ್ಯಾಪಾರದಲ್ಲಿ ಇದು ಎಲ್ಲರೂ ಒಪ್ಪಿದ ಷರತ್ತು. ಅತ್ತೆ ಇದನ್ನು ಫಾರಮ್ಮಿನಲ್ಲೇ ಬಿಟ್ಟು ಬಂದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅವರು ಅದನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ತಂದರು!

ಅಪ್ಪ ಹೊಸ ಸ್ಕೂಟರ್ ಕೊಂಡು, ಹಾರ ಹಾಕಿಸಿ, ಅಕ್ಕನ ಮನೆ ಮುಂದೆ ನಿಲ್ಲಿಸಿದರು. "ಬೆಟ್ಟ ಹತ್ತಲಿ, ಆಮೇಲೆ ಹೇಳ್ತೀನಿ" ಎಂದರು ಅತ್ತೆ. ಅದು ಅರ್ಧದಾರಿಯ ನಂದಿಯವರೆಗೆ ಹೋಗಿ, ಮುಂದೆ ಹೋಗಲಾರೆ ಎಂದು ಕೂತುಬಿಟ್ಟಿತು ಎಂಬುದು ಬೇರೆ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಸ್ಕೂಲಿಗೇ ಮೊದಲು ಬಂದೆ. ಊರೆಲ್ಲ ಭೇಷ್ ಎಂದಿತು. ಅತ್ತೆ ಮಾರ್ಕ್ಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಹುಟ್ಟಿದೆ. ಎದ್ದು ನಿಂತು ಹಾಲು ಕುಡೀಲಿ" ಎಂದು ಕೈಗೆ ವಾಪಸ್ ಕೊಟ್ಟರು. ಡಿಗ್ರಿ ಆಯಿತು, ಅದೇ ಮಾತು. ಕೆಲಸ ಸಿಕ್ಕಿತು, ಅದೇ ಮಾತು. ಲೋಕದ ಹೊಗಳಿಕೆಯೆಲ್ಲ ಒಂದು ಕಡೆ, ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬೀಳಿಸಿಕೊಳ್ಳಬೇಕು ಎಂಬುದು ನನಗೆ ಹಠವಾಗಿಬಿಟ್ಟಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಹಸಿವೇ ಆಗಿತ್ತು.

ಅತ್ತೆಯ ಹತ್ತಿರ ಒಳ್ಳೆಯ ಮಾತೇ ಇರಲಿಲ್ಲ ಎಂದೇನಲ್ಲ. ಇತ್ತು. ಕಾಲೇಜಿನಲ್ಲಿದ್ದಾಗ ಒಂದು ಭಾನುವಾರ ನನ್ನನ್ನು ಫಾರಮ್ಮಿಗೆ ಕರೆದುಕೊಂಡು ಹೋಗಿದ್ದರು. ಕುದುರೆಗಳು ಸಾಮಾನ್ಯವಾಗಿ ರಾತ್ರಿ ಮರಿ ಹಾಕುತ್ತವೆ. ಹೆರಿಗೆಗೆಂದು ಅಲ್ಲೇ ಬಿಟ್ಟಿದ್ದ ಒಂದು ಕುದುರೆ ಅಂದು ಬೆಳಿಗ್ಗೆಯೇ ಹಾಕಿತ್ತು. ಒದ್ದೆಯಾದ, ಕಾಲೇ ಕಾಲಾದ ಒಂದು ಮರಿ ಹುಲ್ಲಿನ ಮೇಲೆ ಬಿದ್ದಿತ್ತು. ಎದ್ದಿತು, ಬಿತ್ತು. ಮತ್ತೆ ಎದ್ದಿತು, ಗೋಡೆಗೆ ಮೂತಿ ಹೊಡೆದುಕೊಂಡು ಬಿತ್ತು. ನಾನು ಸಹಾಯಕ್ಕೆ ಹೋಗಬೇಕೆಂದರೆ ಅತ್ತೆ ರಟ್ಟೆ ಹಿಡಿದು ನಿಲ್ಲಿಸಿದರು. ನಾಲ್ಕನೆಯ ಸಲ ಅದು ನಡುಗುತ್ತ ನಿಂತು, ತಡಕಾಡಿ, ತಾಯಿಯ ಕೆಚ್ಚಲಿಗೆ ಬಾಯಿ ಹಚ್ಚಿತು. ನಾನು ಚಪ್ಪಾಳೆ ತಟ್ಟಿದೆ. ಅತ್ತೆ ಮರಿಯ ಕಡೆ ನೋಡಲೇ ಇಲ್ಲ. ಮೆಲ್ಲಗೆ ಒಳಗೆ ಹೋಗಿ, ಬೆವರಿ ನಿಂತಿದ್ದ ತಾಯಿ ಕುದುರೆಯ ಹಣೆಯ ಮೇಲೆ ಅಂಗೈ ಇಟ್ಟು, ಯಾದವಗಿರಿಯಲ್ಲಿ ಯಾರೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಹೇಳಿದರು, "ಗೆದ್ದೆ ಕಣೇ."

ವಾಪಸ್ ಬರುವಾಗ ನಾನು ರೇಗಿಸಿದೆ. "ಏನತ್ತೆ, ಕುದುರೆಗೆ ಇರೋ ಭಾಗ್ಯ ನನಗಿಲ್ವಾ?"

ಅತ್ತೆ ನಗಲಿಲ್ಲ. "ಕೆಲಸಕ್ಕೆ ಸೇರಿದ ಮೊದಲನೇ ವರ್ಷ, ಮರಿ ಹುಟ್ಟಿದ ತಕ್ಷಣ ತಾಯಿ ಕುದುರೆ ಮಾಲೀಕರಿಗೆ ಫೋನ್ ಮಾಡಿ ಕಂಗ್ರಾಚುಲೇಷನ್ಸ್ ಅಂದ್ಬಿಟ್ಟೆ. ಅದು ಏಳಲೇ ಇಲ್ಲ ಕಣೇ. ಆ ತಾಯಿ ಮೂರು ದಿನ ಅದು ಬಿದ್ದಿದ್ದ ಜಾಗಾನೇ ಮೂಸ್ತಾ ನಿಂತಿದ್ಲು. ಅವತ್ತಿಂದ ನನ್ನ ನಾಲಿಗೆ ಮುಂದೆ ಓಡಲ್ಲ."

ಅಂಥ ಅತ್ತೆಯೇ ನನ್ನ ಮದುವೆಯನ್ನು ನಡೆಸಿಕೊಟ್ಟರು ಎಂದರೆ ನಂಬುತ್ತೀರಾ? ನಾನು ಮೆಚ್ಚಿದ ಹುಡುಗ ಹಿನಕಲ್‌ನ ಒಕ್ಕಲು ಮನೆಯವನು. ಎರಡು ಮನೆಯವರೂ ನಮ್ಮ ನಡುಮನೆಯಲ್ಲಿ ಎದುರುಬದುರು ಕೂತು, ಯಾರು ಮೊದಲು ಕೆಮ್ಮುತ್ತಾರೆ ಎಂದು ಕಾಯುತ್ತಿದ್ದರು. ಕೊನೆಗೆ ಹುಡುಗನ ತಂದೆ ಅತ್ತೆಯ ಕಡೆ ತಿರುಗಿ, "ತಾವೇನ್ ಕೆಲ್ಸದಲ್ಲಿದ್ದೀರಿ ಅಕ್ಕಾರೇ?" ಎಂದರು. ಅಪ್ಪ ಕಾಫಿಗೆ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎಲ್ಲವನ್ನೂ ಹೇಳಿ ಮುಗಿಸಿದ್ದರು. ಗಂಡು, ಹೆಣ್ಣು, ಬೆಳಿಗ್ಗೆ ಒಂದು, ಸಂಜೆ ಒಂದು! ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹುಡುಗನ ತಂದೆ ಮುಂದಕ್ಕೆ ಬಾಗಿದರು. "ಗಬ್ಬ ನಿಲ್ದಿದ್ರೆ ಎಂಗೆ?"

"ಮುಂದಿನ ವರ್ಷ ದುಡ್ಡಿಲ್ದೆ ಮತ್ತೆ ಕರ್ಕೊಂಡ್ ಬರಬಹುದು. ಮರಿ ಎದ್ದು ನಿಂತು ಹಾಲು ಕುಡಿದ್ರೇನೇ ನಮ್ಮ ಲೆಕ್ಕ."

ಅವರು ತೊಡೆ ತಟ್ಟಿಕೊಂಡರು. "ಅಂಗನ್ನಿ ಮತ್ತೆ! ನಮ್ ತಾತನ ತಾವು ಬೀಜದ ಹೋರಿ ಇತ್ತು ಕಣ್ರವ್ವಾ. ಸುತ್ತ ಏಳೂರಿಂದ ಹಸ ಹೊಡ್ಕಂಡ್ ಬರೋರು. ಕರ ಎದ್ದು ಹಾಲ್ ಕುಡದ್ ಮ್ಯಾಲೇನೇ ನಮ್ ತಾತ ರಾಗಿ ಈಸ್ಕೊಳ್ಳೋನು. ನೀವು ನಮ್ಮೋರೇ ಬುಡಿ!"

ಅರ್ಧ ಗಂಟೆ ಅವರಿಬ್ಬರೂ ಹೋರಿ ಮತ್ತು ಕುದುರೆಗಳ ಬಗ್ಗೆ ಮಾತಾಡಿದರು. ಮದುಮಕ್ಕಳ ಬಗ್ಗೆ ಯಾರೂ ಮಾತಾಡಲಿಲ್ಲ, ಮದುವೆ ಮಾತ್ರ ನಿಶ್ಚಯವಾಯಿತು! ಎಲ್ಲರಿಗೂ ಸಕ್ಕರೆ ಹಂಚಿದಾಗ ಅತ್ತೆ ತಮ್ಮ ಪಾಲನ್ನು ಕಾಗದದಲ್ಲಿ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. "ಸಂಸಾರ ಎದ್ದು ನಿಲ್ಲಲಿ, ಆಮೇಲೆ ತಿಂತೀನಿ." ಹುಡುಗನ ತಂದೆ ಗೌರವದಿಂದ ತಲೆದೂಗಿದರು.

ಕಳೆದ ವರ್ಷ ನನಗೆ ಮಗಳು ಹುಟ್ಟಿದಳು. ಬರಬೇಕಾದ ದಿನಕ್ಕಿಂತ ಏಳು ವಾರ ಮುಂಚೆ. ಅಂಗೈಯಗಲದ ಮಗು. ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಕೆ. ಹಾಲೆಲ್ಲ ಆ ನಳಿಕೆಯಲ್ಲೇ, ತೊಟ್ಟು ತೊಟ್ಟು. ಅತ್ತೆ ಅದೇ ದಿನ ಬಂದರು. ಬುಕಿಂಗ್ ಭರದಿಂದ ನಡೆಯುವ ತಿಂಗಳು, ಅವರ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ಅದನ್ನು ಆಫ್ ಮಾಡಿ ಬ್ಯಾಗಿಗೆ ಹಾಕಿದ್ದನ್ನು ನಾನು ನೋಡಿದೆ.

ಆಮೇಲೆ ದಿನವೂ ಬಂದರು. ಫ್ಲಾಸ್ಕಿನಲ್ಲಿ ಸಬ್ಬಸಿಗೆ ಸೊಪ್ಪಿನ ಸಾರು. ಹುರುಳಿ ನೆನೆಹಾಕಿ ತರಲಿಲ್ಲ ಎಂಬುದು ನನ್ನ ಪುಣ್ಯ! ಕೇಳುವುದು ಒಂದೇ ಪ್ರಶ್ನೆ, "ಕುಡೀತಾ?"

"ಮೂವತ್ತು ಗ್ರಾಂ ತೂಕ ಜಾಸ್ತಿಯಾಗಿದೆ ಅಮ್ಮ" ಎಂದರು ನರ್ಸ್.

"ತೂಕ ಇರಲಿ ಸಿಸ್ಟರ್. ಕುಡೀತಾ?"

ಅಭಿನಂದನೆ ಹೇಳಲು ಬಂದ ನೆಂಟರನ್ನೆಲ್ಲ ಅತ್ತೆ ಕಾರಿಡಾರಿನಲ್ಲೇ ತಡೆದು, "ಇವತ್ತು ಬೇಡ, ಹೇಳಿ ಕಳಿಸ್ತೀನಿ" ಎಂದು ವಾಪಸ್ ಕಳಿಸುತ್ತಿದ್ದರು. ಒಂಬತ್ತನೆಯ ದಿನ ನನಗೆ ತಡೆಯಲಾಗಲಿಲ್ಲ. "ಮಗು ಚೆನ್ನಾಗಿದೆ ಅಂತ ಒಂದು ಸಲ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ ಅತ್ತೆ?" ಎಂದು ಅತ್ತುಬಿಟ್ಟೆ. ಅತ್ತೆ ಸಾರಿನ ಲೋಟವನ್ನು ನನ್ನ ಕಡೆ ಸರಿಸಿದರು. ಆಗಲೇ ಮುಚ್ಚಿದ್ದ ಫ್ಲಾಸ್ಕಿನ ಮುಚ್ಚಳವನ್ನು ಮತ್ತೆ ಮತ್ತೆ ತಿರುಗಿಸಿ ಬಿಗಿಮಾಡಿದರು. ಫಾರಮ್ಮಿನ ಆ ಭಾನುವಾರದ ಮಾತು ಆಗ ನೆನಪಾಯಿತು. ನನಗಿಂತ ಹೆಚ್ಚು ಹೆದರಿದ್ದವರು ಅವರು.

ಇಪ್ಪತ್ತನೆಯ ದಿನ ಡಾಕ್ಟರು ನಳಿಕೆ ತೆಗೆದು ಮಗುವನ್ನು ನನ್ನ ಎದೆಗೆ ಕೊಟ್ಟರು. ತಡಕಾಡಿತು. ಬಿಟ್ಟಿತು. ಮತ್ತೆ ತಡಕಾಡಿತು, ಅತ್ತಿತು, ಸುಸ್ತಾಗಿ ಸುಮ್ಮನಾಯಿತು. ಅತ್ತೆ ಹಸಿರು ಗೌನು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನರ್ಸ್ ಸಹಾಯಕ್ಕೆ ಕೈ ಚಾಚಿದಾಗ, "ಒಂದು ನಿಮಿಷ ಬಿಡಿ ಸಿಸ್ಟರ್" ಎಂದರು. ನಾಲ್ಕನೆಯ ಸಲ ಆ ಪುಟ್ಟ ಬಾಯಿ ಹಿಡಿಯಿತು. ಗುಟುಕ್ ಎಂದಿತು. ಇನ್ನೊಮ್ಮೆ ಗುಟುಕ್.

ಅತ್ತೆ ಗಡಿಯಾರ ನೋಡಿಕೊಂಡು ಪೂರಾ ಐದು ನಿಮಿಷ ಕಾದರು. ಆಮೇಲೆ, "ಕುಡೀತು" ಎಂದರು.

ಅಳುವಿನ ನಡುವೆಯೇ ನನಗೆ ತುಂಟತನ ಬಂತು. "ಎದ್ದು ನಿಲ್ಲೋದು, ಅತ್ತೆ?"

"ಅದಕ್ಕೆ ಈ ಜಾತಿಗೆ ಒಂದು ವರ್ಷ ರಿಯಾಯಿತಿ ಇದೆ."

ಹತ್ತಿರ ಬಂದರು. ಮಗುವನ್ನು ನೋಡಲು ಬಂದರೆಂದು ನಾನು ಹೊದಿಕೆ ಸರಿಸಿದೆ. ಅವರು ಅತ್ತ ನೋಡಲೇ ಇಲ್ಲ. ಬೆವರಿದ್ದ ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಯಾದವಗಿರಿಯಲ್ಲಿ ಯಾರೂ ಕೇಳಿರದ ಆ ಸಣ್ಣ ದನಿ ನನ್ನ ಕಿವಿಯ ಹತ್ತಿರ ಬಂತು.

"ಗೆದ್ದೆ ಕಣೇ."

ನನ್ನ ಮಗಳು ಇದ್ಯಾವುದನ್ನೂ ಲೆಕ್ಕಿಸದೆ ಕುಡಿಯುತ್ತಲೇ ಇದ್ದಳು.