ಹೊಗೆ ಚೆನ್ನಾಗಿ ಬರ್ತಿದೆ

ಡೆಸ್ಮಂಡ್ ಟಲಕ್‌ನ ಆ ದಿನದ ಪಜೀತಿಗೆಲ್ಲ ಮೂಲ ಅವನ ಸೌದೆ ರಾಶಿ.

ಡ್ರೈ ಕ್ರೀಕ್‌ನಲ್ಲಿ ಗಂಡಸಿನ ಯೋಗ್ಯತೆಯನ್ನು ಅಳೆಯುವುದೇ ಅವನ ಸೌದೆ ರಾಶಿಯಿಂದ. ಬೆಟ್ಟದ ಬುಡದ ಊರು, ಭೂಮಿಯ ಆ ದಕ್ಷಿಣದ ತುದಿಯಲ್ಲಿ ಜುಲೈ ಎಂದರೆ ನಡು ಚಳಿಗಾಲ, ಹಿಮ ಬೀಳುವುದೇ. ಒಂದು ವರ್ಷ ಮೊದಲೇ ಪೈನ್ ಸೀಳಿ, ಒಣಗಿಸಿ, ಶೆಡ್ಡಿನಲ್ಲಿ ಒಪ್ಪವಾಗಿ ಪೇರಿಸಿಟ್ಟವನು ಮನುಷ್ಯ. ಹಾಗೆ ಮಾಡದವನು ಟಿಮರು ಪಟ್ಟಣಕ್ಕೆ ಹೋಗಿ ಫ್ಲಾಟಿನಲ್ಲಿ ಹೀಟರಿನ ಮುಂದೆ ಕೂರಬೇಕಾದವನು. ಆ ವರ್ಷ ಡೆಸ್ಮಂಡ್ ಪೈನ್ ತರುವುದನ್ನು ಇವತ್ತು ನಾಳೆ ಎಂದು ಮುಂದೂಡಿ, ಕೊನೆಗೆ ಏಪ್ರಿಲ್‌ನಲ್ಲಿ ಹೊಳೆ ದಂಡೆಯ ವಿಲೋ ಮರವೊಂದನ್ನು ಕಡಿದು ತಂದಿದ್ದ. ಹಸಿ ಹಸಿ ವಿಲೋ. ಹಿಂಡಿದರೆ ನೀರು ಬರುವಂಥದ್ದು. ಅದನ್ನೆಲ್ಲ ಹಿಂದೆ ತುಂಬಿ, ಎದುರಿಗೆ ಮಾತ್ರ ಹಳೆಯ ಒಣ ಪೈನಿನ ಒಂದು ಸಾಲು ಜೋಡಿಸಿದ್ದ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿ ತಲೆದೂಗಿದ್ದರು. ಪಕ್ಕದ ಮನೆಯ ಆರ್ಚಿಯಂತೂ, "ಇನ್ನೆರಡು ಚಳಿಗಾಲಕ್ಕೆ ಯೋಚನೆ ಇಲ್ಲ ಬಿಡು," ಎಂದಿದ್ದ. ಡೆಸ್ಮಂಡ್ ಅದಕ್ಕೆ ವಿನಯದಿಂದ ನಕ್ಕಿದ್ದ.

ಹೆಂಡತಿ ನೊಲೀನ್‌ಗೂ ಇದು ಗೊತ್ತಿರಲಿಲ್ಲ. ಅವಳು ಟಿಮರುವಿನಲ್ಲಿದ್ದ ಅಕ್ಕನ ಮಂಡಿ ಆಪರೇಷನ್ನಿಗೆಂದು ಹೋಗಿದ್ದಳು. ಹೊರಡುವ ಮೊದಲು ಕಾರಿನ ಕಿಟಕಿ ಇಳಿಸಿ ಒಂದು ಮಾತು ಹೇಳಿದ್ದಳು.

"ನೋಡು ಡೆಸ್, ಇಷ್ಟು ವರ್ಷ ನೀನು ಒಂದು ಮೊಟ್ಟೆ ಬೇಯಿಸ್ಕೊಂಡಿದ್ದನ್ನ ನಾನು ಕಂಡಿಲ್ಲ. ಈ ಸಲ ಹಿಮ ಬಿದ್ರೆ ನೀನೊಬ್ಬನೇ ಸಂಭಾಳಿಸಿ ತೋರಿಸು. ಆಗ್ಲಿಲ್ಲ ಅಂದ್ರೆ ಮನೆ ಮಾರಿ ಇಬ್ಬರೂ ಅಕ್ಕನ ಪಕ್ಕದ ಫ್ಲಾಟಿಗೆ ಹೋಗೋದು."

"ಆಯ್ತು ಅಂದ್ರೆ?"

"ಆಯ್ತು ಅಂದ್ರೆ ಮಾರೋದಿಲ್ಲ."

ಡೆಸ್ಮಂಡ್‌ಗೆ ಅಷ್ಟು ಸಾಕಿತ್ತು. ಆ ಫ್ಲಾಟನ್ನು ಅವನು ನೋಡಿದ್ದ. ಅದರಲ್ಲಿ ಶೆಡ್ಡಿಲ್ಲ, ಹಿತ್ತಲಿಲ್ಲ, ಗೋಡೆಯಾಚೆ ಅತ್ತಿಗೆ ಇದ್ದಾಳೆ. ಮನೆ ಉಳಿಯಬೇಕಾದರೆ ತಾನು ಸುಖವಾಗಿದ್ದೇನೆಂದು ಟಿಮರುವಿಗೆ ಸುದ್ದಿ ಮುಟ್ಟಬೇಕು. ಸುದ್ದಿ ಮುಟ್ಟಿಸುವವಳು ಆರ್ಚಿಯ ಹೆಂಡತಿ ರೇವಿನ್. ಅವಳಿಗೂ ನೊಲೀನ್‌ಗೂ ದಿನಕ್ಕೆರಡು ಸಲ ಫೋನ್ ಮಾತಾಗದಿದ್ದರೆ ಊಟ ಸೇರುತ್ತಿರಲಿಲ್ಲ.

ಹಿಮ ಬಿತ್ತು. ಮೊದಲ ರಾತ್ರಿಯೇ ಡೆಸ್ಮಂಡ್ ಖುಷಿಯಲ್ಲಿ ಆ ಒಣ ಸಾಲನ್ನೆಲ್ಲ ಸುಟ್ಟುಬಿಟ್ಟ. ಬೆಳಗ್ಗೆ ಏಳುವಷ್ಟರಲ್ಲಿ ಎಲ್ಲೋ ತಂತಿಗಳು ಹರಿದು ಇಡೀ ಊರಿನ ಕರೆಂಟು ಹೋಗಿತ್ತು. ಅಡುಗೆ ಒಲೆ ಕರೆಂಟಿನದು, ಹಾಸಿಗೆ ಬೆಚ್ಚಗಿಡುವ ಕಂಬಳಿ ಕರೆಂಟಿನದು, ಅವನ ಫೋನೂ ಕರೆಂಟಿನದು. ಮೊಬೈಲ್ ಸತ್ತಿತ್ತು. ಉಳಿದದ್ದು ಹಜಾರದ ಕಬ್ಬಿಣದ ಒಲೆ ಮತ್ತು ವಿಲೋ.

ವಿಲೋ ಉರಿಯಲಿಲ್ಲ. ಸುಂಯ್ ಎಂದಿತು, ನೊರೆ ಕಾರಿತು, ಕಣ್ಣೀರು ಸುರಿಸಿತು. ಶಾಖ ಮಾತ್ರ ಒಂದು ಬೆಕ್ಕಿಗೂ ಸಾಲುತ್ತಿರಲಿಲ್ಲ. ಹೊಗೆಯಂತೂ ಭರ್ಜರಿ, ಚಿಮಣಿಯಿಂದ ದಪ್ಪಗೆ ಬೆಳ್ಳಗೆ ಏಳುತ್ತಿದ್ದ ಅದು ಸುತ್ತಲಿನ ಯಾವ ಮನೆಯ ಹೊಗೆಯನ್ನೂ ಮೀರಿಸುವಂತಿತ್ತು. ಡೆಸ್ಮಂಡ್ ಇದ್ದಬದ್ದ ಸ್ವೆಟರೆಲ್ಲ ತೊಟ್ಟು, ಮೇಲೆ ನೊಲೀನಳ ಗುಲಾಬಿ ಬಣ್ಣದ ಹತ್ತಿ ತುಂಬಿದ ನಿಲುವಂಗಿ ಏರಿಸಿ, ಟೀ ಪಾತ್ರೆಗೆ ಹೊದಿಸುವ ಉಣ್ಣೆಯ ಟೋಪಿಯನ್ನು ತಲೆಗೆ ಹಾಕಿಕೊಂಡು ಒಲೆಯನ್ನು ತಬ್ಬಿಕೊಳ್ಳುವಂತೆ ಕೂತ.

ಬಾಗಿಲು ಬಡಿದ ಸದ್ದಾಯಿತು.

"ಡೆಸ್, ನಾನು ರೇವಿನ್. ಜೀವಂತ ಇದೀಯಾ?"

ಡೆಸ್ಮಂಡ್ ಥಟ್ಟನೆ ಯೋಚಿಸಿದ. ಡ್ರೈ ಕ್ರೀಕ್‌ನ ಗಂಡಸು ಒಳಗೆ ಬೆಚ್ಚಗಿದ್ದಾನೆ ಎನ್ನುವುದಕ್ಕೆ ಅವನ ಚಡ್ಡಿಯೇ ಸಾಕ್ಷಿ. ಅವನು ನಿಲುವಂಗಿ, ಸ್ವೆಟರುಗಳು, ಪ್ಯಾಂಟು, ಟೋಪಿ ಎಲ್ಲ ಕಿತ್ತೆಸೆದು, ಚಡ್ಡಿ ಬನಿಯನ್ನಿನಲ್ಲಿ ಬಾಗಿಲು ತೆರೆದು, ಚೌಕಟ್ಟಿಗೆ ಒರಗಿ ನಿಂತ. ಹಿಮಗಾಳಿ ಬಂದು ಮಂಡಿಗೆ ಬಡಿಯಿತು.

ರೇವಿನ್ ಕೈಯಲ್ಲಿ ಸೂಪಿನ ಫ್ಲಾಸ್ಕ್ ಇತ್ತು. ಮುಚ್ಚಳದ ಸಂದಿಯಿಂದ ಕುರಿಮಾಂಸದ ವಾಸನೆ ಬರುತ್ತಿತ್ತು.

"ಅಬ್ಬ, ಚಡ್ಡೀಲಿದೀಯಲ್ಲೋ," ಎಂದಳು. "ಹೊಗೆ ಏನು ಚೆನ್ನಾಗಿ ಬರ್ತಿದೆ, ಒಳಗೆ ಬೇಯ್ತಿರ್ಬೇಕು ಅಂತ ಆರ್ಚಿ ಹೇಳ್ತಿದ್ದ. ನಾನೇ ನಂಬ್ಲಿಲ್ಲ. ಸೂಪ್ ತಂದೆ, ತಗೋ."

"ಸೂಪಾ? ನಾನೀಗಷ್ಟೇ ಒಲೆ ಮೇಲೆ ಕುರಿತೊಡೆ ಬೇಯಿಸ್ಕೊಂಡು ತಿಂದೆ. ಹೊಟ್ಟೆ ಬಿರೀತಿದೆ."

"ನೀನು? ಅಡುಗೆ?"

"ಜೊತೆಗೆ ಆಲೂಗಡ್ಡೆ," ಎಂದ ಡೆಸ್ಮಂಡ್, ಸುಳ್ಳು ಹೇಳಿದ ಮೇಲೆ ಪಕ್ಕವಾದ್ಯವೂ ಇರಲೆಂದು.

ರೇವಿನ್ ಕಣ್ಣರಳಿಸಿ ಅವನನ್ನು ನೋಡಿದಳು. ಅವಳು ಒಳಗೆ ಬಂದು ಒಲೆ ನೋಡಿಯಾಳೆಂದು ಅವನು ಬಾಗಿಲಿಗೆ ಅಡ್ಡ ನಿಂತ. ಅವಳು ಮಾತಾಡುತ್ತಲೇ ಇದ್ದಳು. ಪೈಪು ಒಡೆದವರ ಕತೆ, ಹಿಮದಲ್ಲಿ ಸಿಕ್ಕಿಬಿದ್ದ ಪ್ರವಾಸಿ ಬಸ್ಸಿನ ಕತೆ, ತನ್ನ ಮನೆಯ ಹಳೇ ತಂತಿ ಫೋನೊಂದೇ ನಡೆಯುತ್ತಿರುವ ಕತೆ. ಡೆಸ್ಮಂಡನ ಮೊಣಕಾಲು ಕೆಂಪಾಗಿ, ನೇರಳೆಯಾಗಿ, ಈಗ ನೀಲಿಯ ಕಡೆ ಹೊರಟಿತ್ತು. ಕೊನೆಗೆ ಅವಳು ಸೂಪನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಅವನು ಆ ಫ್ಲಾಸ್ಕ್ ಗೇಟು ದಾಟುವವರೆಗೂ ನೋಡಿ ಬಾಗಿಲು ಹಾಕಿದ. ಡಬ್ಬಿಯ ಬೀನ್ಸನ್ನು ತಣ್ಣಗೇ ತಿಂದ.

ಗ್ಯಾಸಿನ ಸಣ್ಣ ಒಲೆಯೊಂದು ಇದೆಯೆಂದು ಅವನಿಗೆ ನೆನಪಾದದ್ದು ಆಮೇಲೆ. ಮೀನು ಹಿಡಿಯಲು ಹೋಗುವಾಗ ಒಯ್ಯುತ್ತಿದ್ದದ್ದು. ಅದನ್ನು ಹುಡುಕಿ ತೆಗೆದು, ನೀರಿಟ್ಟು, ನೀಲಿ ಜ್ವಾಲೆಗೆ ಕೈಯೊಡ್ಡಿ, ಆಹಾ ಎನ್ನುವಷ್ಟರಲ್ಲಿ ಮತ್ತೆ ಬಾಗಿಲು ಬಡಿಯಿತು. ಮತ್ತೆ ಸ್ವೆಟರುಗಳು ಹಾರಿದವು.

ಈ ಸಲ ಆರ್ಚಿ. ಹಿಮದ ಮೇಲೆ ಎಳೆದು ತಂದ ಜಾರುಬಂಡಿಯ ತುಂಬ ಒಣ ಪೈನ್.

"ಮಾರಾಯ, ಇದನ್ನ ಮಿಸ್ ಮೆಕೆಕ್ನಿಗೆ ಒಯ್ತಿದೀನಿ," ಎಂದ. ಮಿಸ್ ಮೆಕೆಕ್ನಿ ಎಂದರೆ ಊರಿನವರಿಗೆಲ್ಲ ಅಕ್ಷರ ಕಲಿಸಿದ ಮುದುಕಿ. "ನಿಂಗೂ ಸ್ವಲ್ಪ ಇಳಿಸೋಣ ಅಂತಿದ್ದೆ. ಆದ್ರೆ ನಿನ್ನ ಮುಂದೆ ಸೌದೆ ಇಳಿಸಿದ್ರೆ ಅವಮಾನ ಮಾಡ್ದಂಗೆ ಆಗುತ್ತೆ ಅಂತ ರೇವಿನ್ ಬೈದ್ಲು."

ಡೆಸ್ಮಂಡ್ ಆ ಸೌದೆಯನ್ನು ನೋಡಿ ಉಗುಳು ನುಂಗಿದ. ಬೇಕು ಎಂದು ಬಾಯಿ ತೆರೆದರೆ ರಾಶಿಯ ಗುಟ್ಟು, ರೇವಿನ್, ಫೋನು, ಟಿಮರು, ಅತ್ತಿಗೆ, ಎಲ್ಲ ಸಾಲಾಗಿ ಕಣ್ಮುಂದೆ ಬಂದವು.

"ಮಿಸ್‌ಗೇ ಕೊಡು," ಎಂದ.

"ಒಳ್ಳೇವ್ನು ನೀನು. ಹಾಗೇ ಇನ್ನೊಂದು. ಆಯಮ್ಮಂಗೆ ಟೀ ಕಾಯಿಸ್ಕೊಳ್ಳೋಕೂ ಗತಿ ಇಲ್ಲ. ನಿನ್ಹತ್ರ ಮೀನಿಗೆ ಹೋಗೋವಾಗಿನ ಗ್ಯಾಸ್ ಒಲೆ ಇತ್ತಲ್ಲ? ನೀನು ಹೆಂಗೂ ದೊಡ್ಡ ಒಲೆ ಮೇಲೆ ಕುರಿತೊಡೆ ಬೇಯಿಸೋನು."

ಡೆಸ್ಮಂಡ್ ಒಳಗೆ ಹೋಗಿ, ಇನ್ನೇನು ಕುದಿಯಲಿದ್ದ ನೀರನ್ನು ಇಳಿಸಿ, ಒಲೆ ಆರಿಸಿ ತಂದುಕೊಟ್ಟ.

"ಬಿಸಿ ಇದೆಯಲ್ಲೋ," ಎಂದ ಆರ್ಚಿ.

"ನಮ್ಮನೇಲಿ ಎಲ್ಲಾನೂ ಬಿಸಿ," ಎಂದ ಡೆಸ್ಮಂಡ್. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವನು ನಗುತ್ತಿದ್ದಾನೆಂದುಕೊಂಡು ಆರ್ಚಿಯೂ ನಕ್ಕ.

ಮಧ್ಯಾಹ್ನ ರೇವಿನ್ ಮತ್ತೆ ಬಂದಳು. ಊರ ಹಾಲ್‌ನಲ್ಲಿ ಬಸ್ಸಿನ ಪ್ರವಾಸಿಗಳು ನಡುಗುತ್ತಿದ್ದಾರೆ, ಹೊದಿಕೆ ಒಟ್ಟುಮಾಡುತ್ತಿದ್ದೇವೆ, ಎಲ್ಲರ ಮನೆಯಲ್ಲೂ ಒಂದೊಂದು ಕೇಳಿದೆ, ನಿನ್ನ ಮನೆಯಲ್ಲಿ ಮಾತ್ರ ಎಲ್ಲವನ್ನೂ ಕೇಳಬಹುದು ಎಂದು ಊರಿನವರ ಅಭಿಪ್ರಾಯ ಎಂದಳು. ಅಭಿಪ್ರಾಯಕ್ಕೆ ಎದುರಾಡುವುದು ಹೇಗೆ? ರಗ್ಗುಗಳು ಹೋದವು. ಬಾತುಕೋಳಿ ಗರಿಯ ದಪ್ಪ ಹೊದಿಕೆ ಹೋಯಿತು. ಅವನು ತಂದು ರಾಶಿ ಹಾಕುವಾಗ ಬಾಗಿಲು ಸ್ವಲ್ಪ ಹೆಚ್ಚೇ ತೆರೆದುಕೊಂಡಿತು. ಕುರ್ಚಿಯ ಮೇಲೆ ಬಿದ್ದಿದ್ದ ಗುಲಾಬಿ ನಿಲುವಂಗಿ ರೇವಿನ್ ಕಣ್ಣಿಗೆ ಬಿತ್ತು.

"ಅದು ನೊಲೀನಂದಲ್ವಾ? ಅಲ್ಲಿ ಒಬ್ಬಳು ಬಸುರಿ ಇದಾಳೆ, ಅವಳಿಗಾಗುತ್ತೆ. ನೀನಂತೂ ಹಾಕ್ಕೊಳಲ್ವಲ್ಲ."

"ನಾನ್ಯಾಕೆ ಹಾಕ್ಕೊಳ್ಲಿ," ಎಂದ ಡೆಸ್ಮಂಡ್. ನಿಲುವಂಗಿ ಇನ್ನೂ ಅವನ ಮೈಶಾಖದಿಂದ ಬೆಚ್ಚಗಿತ್ತು. ಕೊಡುವಾಗ ಅವನಿಗೆ ನಿಜಕ್ಕೂ ಅಳು ಬಂತು.

"ಬೆಳಗ್ಗೆ ನೊಲೀನ್ ಜೊತೆ ಮಾತಾಡ್ದೆ," ಎಂದಳು ರೇವಿನ್ ಹೊರಡುತ್ತಾ. "ಕುರಿತೊಡೆ ವಿಷ್ಯ ಹೇಳಿದ್ದಕ್ಕೆ ಮೂರು ಸಲ ತಿರುಗಿ ಕೇಳಿದ್ಲು. ಸಂಜೆ ಮತ್ತೆ ಮಾಡ್ತಾಳಂತೆ."

ಅವನಿಗೆ ಬೇಕಿದ್ದದ್ದು ಇಷ್ಟೇ. ಡೆಸ್ಮಂಡ್ ಸ್ವೆಟರುಗಳೊಳಗೆ ಮುದುಡಿ ಕೂತು, ಹೊಗೆಗೆ ಕೆಮ್ಮುತ್ತಾ, ಗೆದ್ದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇನ್ನು ಕರೆಂಟೊಂದು ಬಂದರೆ ಆಯಿತು. ಮನೆ ತನ್ನದು, ಶೆಡ್ಡು ತನ್ನದು.

ಕತ್ತಲಾಗುವ ಹೊತ್ತಿಗೆ ಕರೆಂಟು ಬಂತು. ಕಿಟಕಿಯಲ್ಲಿ ನೋಡಿದರೆ ಆರ್ಚಿಯ ಮನೆ ಬೆಳಗಿತು, ಅದರಾಚೆಯದು ಬೆಳಗಿತು, ಹಾಲ್ ಬೆಳಗಿತು, ಮಿಸ್ ಮೆಕೆಕ್ನಿಯ ಜಗುಲಿ ದೀಪವೂ ಹತ್ತಿತು. ಡೆಸ್ಮಂಡ್ ತನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಒತ್ತುತ್ತಾ ಕೋಣೆ ಕೋಣೆ ಓಡಾಡಿದ. ಏನೂ ಹತ್ತಲಿಲ್ಲ. ಹೊರಗೆ ವಿದ್ಯುತ್ತಿನವರ ಲಾರಿ ತಿರುಗಿಸುತ್ತಿರುವ ಸದ್ದು ಕೇಳಿತು. ರೇವಿನ್ ನೋಡಿಯಾಳೆಂದು ಅಭ್ಯಾಸಬಲದಿಂದ ಮತ್ತೆ ಚಡ್ಡಿಗಿಳಿದು, ಮೊಣಕಾಲುದ್ದ ಹಿಮದಲ್ಲಿ ಬಿದ್ದು ಎದ್ದು ಓಡಿದ.

ಲಾರಿಯ ಕಿಟಕಿಯಿಂದ ತಲೆ ಹಾಕಿದವನು ಹೇಮಿ, ಲೈನ್ ಕೆಲಸದ ಮುಖ್ಯಸ್ಥ.

"ನಮ್ಮನೆ ಬಿಟ್ಟುಬಿಟ್ರಲ್ಲ," ಎಂದ ಡೆಸ್ಮಂಡ್ ಏದುಸಿರು ಬಿಡುತ್ತಾ.

"ಓ, ನೀವೇನಾ ಆ ಹೊಗೆ ಮನೆಯವ್ರು? ಕಂಬದಿಂದ ನಿಮ್ಮನೆಗೆ ಬರೋ ತಂತಿ ತುಂಡಾಗಿದೆ ಸಾರ್. ಇವತ್ತು ಇನ್ನೊಂದೇ ಮನೆ ಮಾಡೋಷ್ಟು ಹೊತ್ತಿತ್ತು. ನಿಮ್ದಾ, ಇಲ್ಲ ಮೇಲಿನ ಕಣಿವೇಲಿ ಎಳೇ ಮಗು ಇರೋ ಮನೇದಾ ಅಂತ ಯೋಚಿಸ್ತಿದ್ವಿ. ಆ ಪಕ್ಕದ್ಮನೆ ಅಮ್ಮ ಹೇಳಿದ್ರು, ಅವ್ರಿಗೆ ಕರೆಂಟೇ ಬೇಡ, ಇಲ್ದಿದ್ರೇ ಖುಷಿಯಾಗಿದಾರೆ ಅಂತ." ಹೇಮಿ ಅವನನ್ನು ಚಡ್ಡಿಯಿಂದ ಬೂಟಿನವರೆಗೆ ಮೆಚ್ಚುಗೆಯಿಂದ ನೋಡಿದ. "ಈಗ ಗೊತ್ತಾಯ್ತು ಬಿಡಿ. ಈ ವಾರದ ಕೊನೆಗೆ ಬರೋಕೆ ನೋಡ್ತೀವಿ."

ಎಳೆ ಮಗುವಿನ ಎದುರು ಏನು ವಾದ ಮಾಡಲಾಗುತ್ತದೆ? ಲಾರಿ ಹೋಯಿತು.

ಡೆಸ್ಮಂಡ್ ಹಿಮದಲ್ಲಿ ನಿಂತು ತನ್ನ ಕತ್ತಲೆ ಮನೆಯನ್ನೂ ರೇವಿನಳ ಹಳದಿ ಕಿಟಕಿಯನ್ನೂ ನೋಡಿದ. ಫ್ಲಾಟು ಅಷ್ಟೇನೂ ಕೆಟ್ಟದ್ದಲ್ಲ ಎನ್ನಿಸತೊಡಗಿತು. ಅಲ್ಲಿ ಬಿಸಿನೀರಿದೆ. ಅತ್ತಿಗೆ ಸೂಪು ಮಾಡುತ್ತಾಳೆ. ನೊಲೀನ್ ಇರುತ್ತಾಳೆ. ಸ್ವಾಭಿಮಾನವನ್ನು ಅಲ್ಲೇ ಹಿಮದಲ್ಲಿ ಬಿಟ್ಟು ಹೋಗಿ ಆರ್ಚಿಯ ಬಾಗಿಲು ತಟ್ಟಿದ.

"ಸರಿಯಾದ ಹೊತ್ತಿಗೆ ಬಂದೆ," ಎಂದು ರೇವಿನ್ ಫೋನನ್ನು ಅವನ ಕೈಗಿಟ್ಟಳು. "ನೊಲೀನ್ ಲೈನಲ್ಲಿದಾಳೆ."

"ನೊಲೀನ್, ಕೇಳಿಲ್ಲಿ," ಎಂದ ಡೆಸ್ಮಂಡ್.

"ನೀನು ಕೇಳು ಮೊದ್ಲು," ಎಂದಳು ನೊಲೀನ್. ಅವಳ ದನಿಯಲ್ಲಿ ಅವನು ಯಾವತ್ತೂ ಕೇಳದ ಮೆದುತನವಿತ್ತು. "ರೇವಿನ್ ಎಲ್ಲ ಹೇಳಿದ್ಲು. ನಂಗೆ ನಿಜವಾಗ್ಲೂ ಹೆಮ್ಮೆ ಆಗ್ತಿದೆ ಡೆಸ್. ಆಡಿದ ಮಾತು ಉಳಿಸ್ಕೋತೀನಿ. ಮನೆ ಮಾರೋದಿಲ್ಲ, ನೀನು ಅಲ್ಲೇ ಇರು."

"ಅದಲ್ಲ ನೊಲೀನ್..."

"ಇಷ್ಟು ವರ್ಷ ನಂಗಿದ್ದಿದ್ದು ಒಂದೇ ಚಿಂತೆ. ಈ ಚಳಿ ನಂಗಾಗಲ್ಲ, ಅಕ್ಕನ ಹತ್ರ ಇರ್ಬೇಕು ಅಂತ ಆಸೆ. ಆದ್ರೆ ನಿನ್ನ ಒಬ್ಬನೇ ಬಿಟ್ರೆ ಏನಾಗುತ್ತೋ ಅನ್ನೋ ಭಯ. ಇವತ್ತು ಅದೂ ಹೋಯ್ತು. ಫ್ಲಾಟಿಗೆ ಹೂಂ ಅಂದುಬಿಟ್ಟೆ. ಸಣ್ಣದು, ಒಬ್ಬರಿಗೆ ಸರಿಹೋಗುತ್ತೆ. ನೀನು ಭಾನುವಾರ ಊಟಕ್ಕೆ ಬಾ. ನೀನೇ ಏನಾದ್ರೂ ಬೇಯಿಸಿ ತಗೊಂಬಾ."

ಡೆಸ್ಮಂಡ್ ಎರಡೂ ಕೈಯಲ್ಲಿ ಫೋನು ಹಿಡಿದ. ಆ ದಿನ ಮೊದಲ ಬಾರಿಗೆ ನಿಜ ಹೇಳಿದ. ಸೌದೆ ಹಸಿ, ಮನೆ ಮಂಜುಗಡ್ಡೆ, ಕುರಿತೊಡೆ ಸುಳ್ಳು, ಆಲೂಗಡ್ಡೆಯೂ ಸುಳ್ಳು, ತನ್ನಿಂದ ಒಂದು ದಿನವೂ ಆಗಲಿಲ್ಲ, ತಾನೂ ಬರುತ್ತೇನೆ, ಅತ್ತಿಗೆಯ ಪಕ್ಕವಾದರೂ ಸರಿ.

ಆ ಕಡೆ ನೊಲೀನ್ ನಗುತ್ತಿದ್ದಳು.

"ರೇವಿನ್ ಹೇಳಿದ್ಲು, ನಾನು ಬರಲ್ಲ ಅಂದ್ರೆ ನೀನು ಹಿಂಗೇ ನಾಟಕ ಆಡ್ತೀಯ ಅಂತ. ಅವಳಿಗೆ ಫೋನ್ ಕೊಡು."

ರೇವಿನ್ ಫೋನ್ ತೆಗೆದುಕೊಂಡಳು. "ಹೂಂ... ಚಡ್ಡೀಲೇ ಬಂದಿದಾನೆ ಕಣೇ, ಚಳಿಯಂತೆ ಚಳಿ," ಎಂದು ನಕ್ಕಳು. "ಇಲ್ಲ ಇಲ್ಲ, ಖಂಡಿತ ಇರಿಸ್ಕೊಳಲ್ಲ."

"ರೇವಿನ್, ಇವತ್ತೊಂದು ರಾತ್ರಿ ಇಲ್ಲೇ ಇರ್ತೀನಿ," ಎಂದ ಡೆಸ್ಮಂಡ್. "ಈ ಕುರ್ಚೀಲೇ ಸಾಕು."

"ಆಗಲ್ಲಪ್ಪ. ನಿನ್ನನ್ನ ಒಳಗೆ ಸೇರಿಸ್ಕೊಂಡು ಅಭ್ಯಾಸ ಕೆಡಿಸ್ಬೇಡ ಅಂತ ನೊಲೀನ್ ಈಗಷ್ಟೇ ಮಾತು ತಗೊಂಡ್ಲು." ರೇವಿನ್ ಬಾಗಿಲು ತೆರೆದು ಹಿಡಿದಳು. ಆರ್ಚಿ ಬಂದು ಅವನ ಬೆನ್ನು ತಟ್ಟಿ, ಅವನ ಮನೆಯ ಚಿಮಣಿಯ ಕಡೆ ನೋಡಿದ.

"ಬೇಗ ಹೋಗು ಮಾರಾಯ," ಎಂದ. "ಅಂಥಾ ಒಲೆ ಆರಿಹೋದೀತು."